ಹೊಳೆಯ ವಂದನೆ

ನಮ್ಮ ಮನೆಯಲ್ಲಿ ಬೆಳಿಗ್ಗೆ ಎಲ್ಲರಿಗಿಂತ ಮೊದಲು ಸ್ನಾನವಾಗುತ್ತಿದ್ದುದು ಗೋಡೆಯ ಮೇಲಿನ ಗಾಜಿಗೆ. ನಮ್ಮ ಯಜಮಾನರು ಎದ್ದವರೇ ಒದ್ದೆ ಬಟ್ಟೆ ಹಿಡಿದು ಎರಡು ಚೌಕಟ್ಟುಗಳನ್ನು ಒರೆಸುತ್ತಿದ್ದರು. ಒಂದರಲ್ಲಿ ಹಿರಿಯರ ಫೋಟೋ. ಇನ್ನೊಂದರಲ್ಲಿ, ಹೊಳೆಯಿಂದ ಹಿರಿಯರಿಗೆ ಮೊದಲ ವಂದನೆ ಸಲ್ಲಿಸಿದ ಗೇಟು ಚಾಲಕರೆಂದು ಇವರಿಗೆ ಕೊಟ್ಟ ಪ್ರಶಸ್ತಿ ಪತ್ರ. ನನ್ನ ಒಲೆಯ ಪಕ್ಕದ ಕಿಟಕಿಗೆ ಮಸಿ ಹಿಡಿದು ಮೂರು ವರ್ಷವಾಗಿತ್ತು. ಪಾಪ, ಅದಕ್ಕೆ ಪ್ರಶಸ್ತಿ ಬಂದಿರಲಿಲ್ಲ.

ಮಗಳು ಮಾತ್ರ ಆ ಗೋಡೆಗೆ ಬೆನ್ನು ಹಾಕಿ ಕೂತು ತಿಂಡಿ ತಿನ್ನುತ್ತಿದ್ದಳು. ಅಪ್ಪ ಅದನ್ನು ನೋಡುತ್ತಿದ್ದರು, ನೋಡದವರ ಹಾಗೆ ಇರುತ್ತಿದ್ದರು.

ಹಿರಿಯರೆಂದರೆ ಯಾರು ಎಂದು ನಮ್ಮ ಕಡೆ ಯಾರೂ ಕೇಳುವುದಿಲ್ಲ. ಆದರೂ ಹೇಳುತ್ತೇನೆ. ಇಪ್ಪತ್ತೆಂಟು ವರ್ಷ ಈ ಸೀಮೆಯ ಆಡಳಿತ ನಡೆಸಿದವರು. ಒಂದೇ ಹೊಳೆಗೆ ನಾಲ್ಕು ಅಣೆಕಟ್ಟು ಕಟ್ಟಿಸಿ ಮನೆಮನೆಗೆ ವಿದ್ಯುತ್ತು ಕೊಟ್ಟವರು. ನಾನು ಸೀಮೆಎಣ್ಣೆ ದೀಪದ ಹೊಗೆ ಕುಡಿದು ಅಕ್ಷರ ಕಲಿತವಳು. ನನ್ನ ಮಗಳು ಅವರು ತಂದ ಬೆಳಕಿನಲ್ಲಿ ಓದಿ ಇಂಜಿನಿಯರ್ ಆದಳು. ಉಂಡ ಮನೆಗೆ ಎರಡು ಬಗೆಯುವ ಬುದ್ಧಿ ನಮ್ಮದಲ್ಲ. ನನ್ನ ಸಿಟ್ಟು ಅವರ ಮೇಲಲ್ಲ, ಅವರು ಹೋದ ಮೇಲೆ ಹುಟ್ಟಿಕೊಂಡ ಪದ್ಧತಿಯ ಮೇಲೆ.

ಹಿರಿಯರು ತೀರಿಕೊಂಡಾಗ, ನಮ್ಮ ಅಣೆಕಟ್ಟಿನ ಒಳಮೈಯಲ್ಲಿ ನೀರಿಗಿಳಿಯುವ ಮೆಟ್ಟಿಲುಗಳ ಮೇಲ್ತುದಿಗೆ ಅವರ ಕಂಚಿನ ಪ್ರತಿಮೆ ನಿಲ್ಲಿಸಿದರು. ಕೋಟು, ಕೈಯಲ್ಲಿ ಮಡಿಸಿದ ನಕ್ಷೆ, ಕಾಲಿಗೆ ಶೂ. ಮರುವರ್ಷದ ಸ್ಮರಣ ದಿನ ಜಲಾಶಯದ ನೀರು ಏರಿ ಬಂದು ಆ ಶೂ ಮುಟ್ಟಿತು. ಜನ ಕಣ್ಣೀರು ಹಾಕಿದರು. ಹೊಳೆಯೇ ಬಂದು ವಂದನೆ ಮಾಡಿತು ಎಂದರು. ಅಂದಿನಿಂದ ಅದೇ ಕಟ್ಟಳೆಯಾಯಿತು. ಸ್ಮರಣ ದಿನ ಬರುವುದು ಮಳೆಗಾಲದ ನಟ್ಟ ನಡುವೆ. ಅದಕ್ಕೆ ವಾರ ಮೊದಲೇ ಗೇಟುಗಳನ್ನೆಲ್ಲ ಮುಚ್ಚಿ ನೀರು ಕೂಡಿಹಾಕುವುದು, ಶೂ ಮುಟ್ಟುವವರೆಗೆ ಏರಿಸುವುದು, ಚಪ್ಪಾಳೆ, ಭಾಷಣ. ನಮ್ಮದು ಕಿರಿದಾದ ಕಣಿವೆ, ನೀರು ಬಲು ಬೇಗ ಏರುತ್ತದೆ. ಕಂಠಮಟ್ಟ ತುಂಬಿದ ಮೇಲೆ ಮೇಲಿನ ಕಾಡಿನಲ್ಲಿ ಒಂದು ದೊಡ್ಡ ಮಳೆ ಬಿದ್ದರೆ, ಎಲ್ಲ ಗೇಟುಗಳನ್ನೂ ಒಟ್ಟಿಗೇ ಎತ್ತದೆ ಗತಿಯಿಲ್ಲ.

ಏಳು ವರ್ಷದ ಹಿಂದೆ ಹಾಗೇ ಎತ್ತಿದರು. ನನ್ನ ತಂಗಿಯದು ಕೆಳಕೇರಿಯಲ್ಲಿ ಮನೆ. ಆಸ್ಪತ್ರೆಯ ಹೊದಿಕೆಗಳನ್ನು ಒಗೆಯುವುದು ಅವಳ ಕೆಲಸ. ಸ್ಮರಣ ದಿನ ಕಳೆದು ಎರಡನೆಯ ದಿನ, ಬೆಳಿಗ್ಗೆ ಹನ್ನೊಂದಕ್ಕೆ, ಮೋಡ ಕವಿಯಿತೆಂದು ದಡದ ಬಂಡೆಗಳ ಮೇಲೆ ಹರಡಿದ್ದ ಹೊದಿಕೆ ತೆಗೆಯಲು ಇಳಿದಿದ್ದಳು. ಸೈರನ್ ಕೂಗಿತು. ಅವಳು ಇನ್ನೂ ನಾಲ್ಕು ಹೊದಿಕೆ ಮಡಚುವಷ್ಟರಲ್ಲಿ ನೀರು ಬಂದೇ ಬಿಟ್ಟಿತು. ಮೂರನೆಯ ದಿನ ಅವಳು ಸಿಕ್ಕಾಗ ಒಂದು ಹೊದಿಕೆ ಮೈಗೆ ಸುತ್ತಿಕೊಂಡೇ ಇತ್ತು.

ಆಗ ಜನ ಏನೆಂದರು ಗೊತ್ತೇ? ಆ ವರ್ಷ ನೀರು ಶೂಗಿಂತ ಎರಡು ಬೆರಳು ಕೆಳಗೇ ನಿಂತಿತ್ತಂತೆ. ವಂದನೆಯಲ್ಲಿ ಲೋಪವಾದ್ದರಿಂದ ಹೊಳೆ ಮುನಿಯಿತಂತೆ. ಮರುವರ್ಷದಿಂದ ಇನ್ನೂ ಎರಡು ಬೆರಳು ಹೆಚ್ಚು ತುಂಬಿಸತೊಡಗಿದರು. ಬೆಂಕಿ ಬಿದ್ದ ಮನೆಗೆ ಎಣ್ಣೆ ಎರಚುವುದನ್ನು ಕೇಳಿದ್ದೆ, ಕಣ್ಣಾರೆ ನೋಡಿದ್ದು ಆಗಲೇ. ಮಗಳು ಅಂದು ಕಾಲೇಜಿನ ಮೊದಲ ವರ್ಷದಲ್ಲಿದ್ದಳು. ಅಂದಿನಿಂದಲೇ ಆ ಗೋಡೆಗೆ ಬೆನ್ನು ಹಾಕಿದ್ದು.

ಹೋದ ವರ್ಷ ಗೇಟುಗಳ ಹೊಣೆ ಅವಳ ಕೈಗೆ ಬಂತು. ಅವಳ ಮೇಲಿನ ಇಂಜಿನಿಯರ್‌ಗೆ ಸ್ಮರಣ ದಿನದ ವಾರ ಬಂತೆಂದರೆ ಪ್ರತಿವರ್ಷ ತಪ್ಪದೆ ಬೆನ್ನುನೋವು ಬರುತ್ತದೆ. ಎಂದಿನಂತೆ ರಜೆ ಹಾಕಿ ಊರಿಗೆ ಹೋದರು. ಮಗಳು ಅವತ್ತೇ ಎರಡು ಗೇಟು ಎತ್ತಿಸಿದಳು.

ಮಧ್ಯಾಹ್ನದೊಳಗೆ ಸ್ಮಾರಕ ಸಮಿತಿಯ ಅಧ್ಯಕ್ಷರು ನಮ್ಮ ಕ್ವಾರ್ಟರ್ಸ್‌ಗೆ ಬಂದರು. ಹಿರಿಯರ ಬಳಿ ಇಪ್ಪತ್ತು ವರ್ಷ ಕಾರ್ಯದರ್ಶಿಯಾಗಿದ್ದವರು. ಕೈಗೆ ಮೈಕ್ ಸಿಕ್ಕಿದರೆ ಬಿಡುವುದಿಲ್ಲವೆಂದು ಊರೆಲ್ಲ ಅವರನ್ನು ಮೈಕ್ ಸಾಹೇಬರು ಎನ್ನುತ್ತದೆ. ನಾನು ಚಹಾ ಕೊಟ್ಟೆ.

"ಏನಮ್ಮ, ಗೇಟು ತೆಗೆದಿದ್ದೀಯಂತೆ?" ಎಂದರು ಮಗಳಿಗೆ.

"ಹೌದು ಸರ್. ನಾಳೆ ಮೂರನೇದೂ ತೆಗೀತೀನಿ."

"ಸ್ಮರಣ ದಿನಕ್ಕೆ ನಾಲ್ಕೇ ದಿನ ಇರೋದು. ನೀರು ಇಳಿದುಹೋದ್ರೆ ವಂದನೆ ಹೇಗಾಗುತ್ತೆ?"

"ಆಗಲ್ಲ ಸರ್."

ಅವರು ಲೋಟ ಕೆಳಗಿಟ್ಟರು. ಇಷ್ಟು ಚಿಕ್ಕ ಉತ್ತರ ಅವರಿಗೆ ರೂಢಿಯಿರಲಿಲ್ಲ.

"ಸಾವಿರಾರು ಜನ ಸೇರ್ತಾರೆ. ಹಿರಿಯರು ಕಟ್ಟಿಸಿದ ಅಣೆಕಟ್ಟಲ್ಲಿ ಹಿರಿಯರ ಕಾಲಿಗೆ ಒಂದು ಹನಿ ನೀರಿಲ್ಲ ಅಂದ್ರೆ ನಾನು ಮುಖ ಎಲ್ಲಿಡ್ಲಿ?"

"ಕಾಡಲ್ಲಿ ಮೂರು ದಿನದಿಂದ ಮಳೆ ಬಿಟ್ಟಿಲ್ಲ ಸರ್. ಬರೋ ನೀರಿಗೆ ಜಾಗ ಬೇಕು. ಈಗ್ಲಿಂದ ಸ್ವಲ್ಪಸ್ವಲ್ಪ ಬಿಟ್ರೆ ಹೊಳೆ ದಡದೊಳಗೇ ಹೋಗುತ್ತೆ. ತುಂಬಿಸಿಟ್ಟು ಒಂದೇ ಸಲ ಕೆಳಕೇರಿ ಮೇಲೆ ಬಿಡೋದು ನನ್ನಿಂದಾಗಲ್ಲ."

"ಹದಿನೇಳು ವರ್ಷ ನಡೆದಿದೆಯಲ್ಲ, ಏನಾಯ್ತು?"

"ನನ್ನ ತಂಗಿ ಸತ್ತಳು," ಎಂದೆ ನಾನು, ಬಾಗಿಲಲ್ಲಿ ನಿಂತು.

"ಅದು ವಂದನೆ ಕಡಿಮೆಯಾದ ವರ್ಷ, ತಾಯಿ," ಎಂದರು ಅವರು, ಮಗುವಿಗೆ ಹೇಳುವಷ್ಟು ಮೆತ್ತಗೆ. ಆ ಮೆತ್ತನೆಯ ದನಿಗೆ ನನ್ನ ಮೈಯೆಲ್ಲ ಉರಿದುಹೋಯಿತು. ಮತ್ತೆ ಮಗಳ ಕಡೆ ತಿರುಗಿ, "ನಿನ್ನನ್ನ ಇಲ್ಲಿಂದ ವರ್ಗ ಮಾಡಿಸೋದು ನಂಗೇನು ಕಷ್ಟ ಅಲ್ಲ," ಎಂದರು.

"ಮಾಡಿಸಿ ಸರ್. ಆದೇಶ ಬರೋವರೆಗೂ ಗೇಟು ನನ್ನ ಪಾಳೀಲೇ ಇರುತ್ತೆ."

ಅವರು ಹೋದ ಮೇಲೆ ಅಪ್ಪ ಮಗಳ ಮೇಲೆ ಹಾರಾಡಿದರು. "ಹಿರಿಯರ ಅನ್ನ ತಿಂದ ಮನೆ ಕಣೇ ಇದು. ದೊಡ್ಡವರು ನಡೆಸಿಕೊಂಡು ಬಂದಿದ್ದನ್ನ ಮುರಿಯೋಕೆ ನೀನು ಯಾರು? ನಾನು ಮೂವತ್ತು ವರ್ಷ ಆ ಗೇಟು ನೋಡಿಕೊಂಡವನು."

"ಮೂವತ್ತು ವರ್ಷ ನೋಡಿಕೊಂಡವರು ಹೇಳಿ ಅಪ್ಪ. ಗೇಟು ಮುಚ್ಚಲಾ?"

ಅವರು ಮುಖ ತಿರುಗಿಸಿ ಗೋಡೆಯ ಚೌಕಟ್ಟಿನ ಕಡೆ ನೋಡಿದರು. ಅವಳು ರೇನ್‌ಕೋಟು ಹಾಕಿಕೊಂಡು ಕೆಲಸಕ್ಕೆ ಹೋದಳು.

ನಾನು ಅವರ ಎದುರು ಕೂತೆ. ಮೂವತ್ತೆರಡು ವರ್ಷ ಸಂಸಾರ ಮಾಡಿದವಳಿಗೆ ಗಂಡನ ಮೌನದಲ್ಲಿ ಯಾವುದು ಸಿಟ್ಟು, ಯಾವುದು ಅಂಜಿಕೆ ಎಂದು ತಿಳಿಯದೇ? "ಏನ್ರೀ ಅದು, ಗಂಟಲಲ್ಲಿ ಸಿಕ್ಕಿಕೊಂಡಿರೋದು?" ಎಂದೆ.

ಅವರು ನೆಲ ನೋಡುತ್ತಾ ಹೇಳಿದರು. "ಮೊದಲನೇ ವರ್ಷ ನಾನು ವಂದನೆ ಮಾಡಿಸಲಿಲ್ಲ ಕಣೇ. ಸ್ಮರಣೆ ಸಭೇಲಿ ಹಿಂದಿನ ಸಾಲಲ್ಲಿ ಕೂತು ಅಳ್ತಾ ಇದ್ದೆ. ಹನ್ನೊಂದಕ್ಕೆ ವಾಪಸ್ ಬಂದು ಗೇಟು ಎತ್ತಬೇಕಿತ್ತು. ಮರೆತೇ ಹೋಯ್ತು. ಓಡಿ ಬಂದಾಗ ಒಂದೂವರೆ. ನೀರು ಹಿರಿಯರ ಶೂ ಮುಟ್ಟಿತ್ತು. ಕೆಲಸ ಹೋಯ್ತು ಅಂತ ನಡುಗ್ತಾ ಇದ್ದೆ, ಹಿಂದಿನಿಂದ ಜನ ಬಂದು ಚಪ್ಪಾಳೆ ತಟ್ಟಿದ್ರು. ನನ್ನನ್ನ ಎತ್ತಿಕೊಂಡ್ರು. ಆಮೇಲೆ ಹೇಗೆ ಹೇಳೋದು?"

ಗೋಡೆಯ ಮೇಲಿನ ಪ್ರಶಸ್ತಿ ಪತ್ರ ಹೊಳೆಯುತ್ತಿತ್ತು, ಬೆಳಿಗ್ಗೆಯಷ್ಟೇ ಒರೆಸಿದ್ದರಲ್ಲ.

"ನನ್ನ ತಂಗೀನ ಮನೆಗೆ ತಂದು ಮಲಗಿಸಿದಾಗಲೂ ಹೇಳೋಕೆ ಬಾಯಿ ಬರಲಿಲ್ವಾ?" ಎಂದೆ. ನನ್ನ ದನಿ ನನಗೇ ಗುರುತು ಸಿಗಲಿಲ್ಲ. "ಯಾರೋ ಹೊಳೆ ಮುನೀತು ಅಂದ್ರೆ ತಲೆಯಾಡಿಸಿದ್ರಲ್ಲ ನೀವು. ಒಬ್ಬರ ಮರೆವಿಗೆ ಇಡೀ ಊರು ಕೈಮುಗೀತಾ ಇದೆ, ಕೆಳಕೇರಿ ಪ್ರಾಣ ಕೊಡ್ತಾ ಇದೆ."

ಅವರು ಅತ್ತರು. ನಾನು ಸಮಾಧಾನ ಮಾಡಲಿಲ್ಲ. ಮಾಡಬೇಕೆನಿಸಲಿಲ್ಲ, ಸುಳ್ಳೇಕೆ ಹೇಳಲಿ. "ನನಗೆ ಹೇಳಿ ಏನು ಬಂತು, ಹೇಳಬೇಕಾದವರಿಗೆ ಹೇಳಿ," ಎಂದು ಎದ್ದೆ. ಮುಂದಿನ ಮೂರು ದಿನ ಮನೆಯಲ್ಲಿ ಪಾತ್ರೆಗಳೇ ಹೆಚ್ಚು ಮಾತಾಡಿದವು.

ಸ್ಮರಣ ದಿನ ಮಳೆ ಜಿನುಗುತ್ತಲೇ ಇತ್ತು. ಅಣೆಕಟ್ಟಿನ ಮೇಲೆ ಕೊಡೆಗಳ ಸಂತೆ. ಜನ ಕಟಾಂಜನದ ಮೇಲಿಂದ ಬಗ್ಗಿ ನೋಡಿದರು. ನೀರು ಹಿರಿಯರ ಶೂಗಿಂತ ಒಂದೂವರೆ ಆಳು ಕೆಳಗಿತ್ತು. ಗುಜುಗುಜು ಎದ್ದಿತು. ಮೈಕ್ ಸಾಹೇಬರು ವೇದಿಕೆಯಿಂದ, "ಒಬ್ಬ ಹುಡುಗಿಯ ಹಟದಿಂದ ಹಿರಿಯರಿಗೆ ಅವಮಾನವಾಗಿದೆ. ಈಗಲೇ ಗೇಟು ಮುಚ್ಚಿದರೆ ಸಂಜೆಯೊಳಗೆ ವಂದನೆ ನಡೆಯುತ್ತದೆ. ಮೊದಲ ವಂದನೆ ಮಾಡಿಸಿದ ಅವಳ ತಂದೆಯೇ ಅವಳಿಗೆ ಬುದ್ಧಿ ಹೇಳಲಿ," ಎಂದು ನಮ್ಮ ಯಜಮಾನರನ್ನು ಕರೆದು ಮೈಕ್ ಕೊಟ್ಟರು. ತಾವಾಗಿ ಅವರು ಯಾರಿಗಾದರೂ ಮೈಕ್ ಕೊಟ್ಟದ್ದನ್ನು ಊರು ಕಂಡದ್ದು ಅದೇ ಮೊದಲು. ಪಾಪ, ಕೈ ತಪ್ಪಿದ್ದೂ ಅಲ್ಲೇ.

ಇವರ ಕಂಕುಳಲ್ಲಿ ಕಾಗದ ಸುತ್ತಿದ ಚೌಕಟ್ಟಿತ್ತು. ಮನೆಯಿಂದ ಹೊರಡುವಾಗ ನಾನು ನೋಡಿದ್ದೆ, ಕೇಳಿರಲಿಲ್ಲ.

"ನಾನು ವಂದನೆ ಮಾಡಿಸಲಿಲ್ಲ," ಎಂದರು. ದನಿ ನಡುಗುತ್ತಿತ್ತು, ಆದರೆ ಮೈಕಿನಲ್ಲಿ ನಡುಗುವ ದನಿಯೂ ದೂರ ಹೋಗುತ್ತದೆ. "ಗೇಟು ಎತ್ತೋದು ಮರೆತೆ. ನೀರು ಏರಿದ್ದು ಅದಕ್ಕೆ. ನಿಮ್ಮ ಚಪ್ಪಾಳೆಗೆ ಹೆದರಿ ಸುಮ್ಮನಾದೆ. ಅದಕ್ಕೆ ನನ್ನ ನಾದಿನಿ ಹೋದಳು. ಹಿರಿಯರು ಈ ಅಣೆಕಟ್ಟಿಗೆ ಬಂದಾಗ್ಲೆಲ್ಲ ನನ್ನನ್ನ ಕೇಳ್ತಾ ಇದ್ದಿದ್ದು ಒಂದೇ ಮಾತು: ಸೈರನ್ ಕೆಳಗಿನವರಿಗೆ ಕೇಳುತ್ತೇನಯ್ಯಾ ಅಂತ. ಒಂದು ಸಲ ತಾವೇ ಕೆಳಕೇರಿಗೆ ಹೋಗಿ ನಿಂತು, ನನ್ನ ಕೈಲಿ ಕೂಗಿಸಿ ಕೇಳಿಸ್ಕೊಂಡ್ರು. ನೀರು ನನ್ನ ಕಾಲಿಗೆ ಬರಲಿ ಅಂತ ಆ ಮನುಷ್ಯ ಯಾವತ್ತೂ ಹೇಳಲಿಲ್ಲ. ಈ ಪತ್ರ ನಂದಲ್ಲ." ಚೌಕಟ್ಟನ್ನು ಮೈಕ್ ಸಾಹೇಬರ ಕುರ್ಚಿಯ ಮೇಲಿಟ್ಟು ಇಳಿದುಬಂದರು.

ಸಾಹೇಬರು ಮತ್ತೆ ಮೈಕ್ ಹಿಡಿದು, "ಗೇಟು ಮುಚ್ಚಿ!" ಎಂದು ಕೂಗಿದರು. ಅಷ್ಟರಲ್ಲಿ ನನ್ನ ತಂಗಿಯ ಗಂಡ ಜನರ ನಡುವಿನಿಂದ ಹೊರಬಂದು ಗೇಟು ಕೋಣೆಯ ಬಾಗಿಲಿಗೆ ಅಡ್ಡ ನಿಂತ. ಬಾಯಿ ಬಿಟ್ಟರೆ ಮುತ್ತು ಉದುರೀತೆಂದು ಸುಮ್ಮನಿರುವ ಮನುಷ್ಯ, ಅಂದೂ ಸುಮ್ಮನೇ ನಿಂತ. ಅವನ ಪಕ್ಕಕ್ಕೆ ಕೆಳಕೇರಿಯ ಇನ್ನೊಬ್ಬಳು, ಮತ್ತೊಬ್ಬ, ಆಮೇಲೆ ಮೇಲಿನ ಊರಿನವರೂ. ಒಳಗೆ ಮಗಳು ಪಾಳಿ ಪುಸ್ತಕದಲ್ಲಿ, 'ಗೇಟು ಮುಚ್ಚಲು ಹೇಳಿದರು, ನಿರಾಕರಿಸಿದ್ದೇನೆ' ಎಂದು ಬರೆದು ಸಹಿ ಹಾಕುತ್ತಿದ್ದಳು. ಕಿಟಕಿಯಿಂದ ನಾನು ನೋಡಿದೆ. ಅಕ್ಷರ ಒಂದೂ ವಕ್ರವಾಗಿರಲಿಲ್ಲ.

ಮೂರು ಗಂಟೆಗೆ ಮೇಲಿನ ಅಣೆಕಟ್ಟಿನಿಂದ ಫೋನ್ ಬಂತು. ಕಾಡಿನಲ್ಲಿ ಗುಡ್ಡವೇ ಕರಗಿದಂತೆ ಮಳೆಯಾಗಿತ್ತು, ನೀರು ಹೊರಟಿತ್ತು. ಮಗಳು ಸೈರನ್ ಹಾಕಿಸಿದಳು, ನಾಲ್ಕನೆಯ ಗೇಟು ಒಂದು ಅಡಿ ಎತ್ತಿಸಿದಳು, ಗಂಟೆಗೊಂದು ಅಡಿಯಂತೆ ಏರಿಸುತ್ತಾ ಹೋದಳು. ಕೆಂಪು ನೀರು, ಬುಡಮೇಲಾದ ಮರಗಳು, ನೊರೆ. ಜಲಾಶಯ ಮೆಟ್ಟಿಲು ಮೆಟ್ಟಿಲಾಗಿ ಏರಿತು. ಜನ ಮನೆಗೆ ಹೋಗದೆ ನೋಡುತ್ತಾ ನಿಂತರು. ಮೈಕ್ ಸಾಹೇಬರೂ ನಿಂತಿದ್ದರು, ಕೊಡೆ ಮಡಚಿದ್ದೂ ಮಳೆಯಲ್ಲಿ ನೆನೆಯುತ್ತಿದ್ದುದೂ ಅವರಿಗೆ ಗೊತ್ತಿದ್ದಂತಿರಲಿಲ್ಲ. ಮಬ್ಬುಗತ್ತಲಾಗುವ ಹೊತ್ತಿಗೆ ನೀರು ಶೂಗಿಂತ ಒಂದೇ ಮೆಟ್ಟಿಲು ಕೆಳಗೆ ನಿಂತಿತು.

ಲೆಕ್ಕ ಯಾರೂ ಬಿಡಿಸಿ ಹೇಳಬೇಕಾಗಲಿಲ್ಲ. ಬೆಳಿಗ್ಗೆಯೇ ನೀರು ಶೂ ಮುಟ್ಟಿದ್ದರೆ ಈ ಒಂದೂವರೆ ಆಳು ನೀರಿಗೆ ಜಾಗ ಎಲ್ಲಿತ್ತು? ಕೆಳಕೇರಿಯಲ್ಲಿ ಅಂದು ಹೊಳೆ ಬಂಡೆಗಳನ್ನು ಮುಳುಗಿಸಿತು, ದಡ ದಾಟಲಿಲ್ಲ. ಹೊದಿಕೆಗಳೆಲ್ಲ ಮಧ್ಯಾಹ್ನವೇ ಒಳಗೆ ಬಂದು ಮಡಚಿ ಕೂತಿದ್ದವು. ಅಳಿದವರು ಯಾರೂ ಇಲ್ಲ. ಮನೆಗೆ ಬಂದ ಮಗಳಿಗೆ ಅಪ್ಪ ತಾವೇ ಚಹಾ ಮಾಡಿಕೊಟ್ಟರು. ಸಕ್ಕರೆ ಮರೆತಿದ್ದರು. ಅವಳು ಗೋಡೆಗೆ ಮುಖ ಮಾಡಿ ಕೂತು ಅದನ್ನೇ ಕುಡಿದಳು.

ವರ್ಗದ ಆದೇಶವೂ ಬಂತು, ಬರದೇ ಇದ್ದೀತೇ? ಕೆಳಕೇರಿಯವರು ಎರಡು ಲಾರಿ ತುಂಬಾ ಮುಖ್ಯ ಕಚೇರಿಗೆ ಹೋಗಿ ಅಂಗಳದಲ್ಲಿ ಕೂತರು. ಮೂರನೆಯ ದಿನ ಆದೇಶ ಹಿಂದೆ ಹೋಯಿತು. ಓದುವವರೇ, ನಿಮ್ಮ ಊರಿನಲ್ಲೂ ಹೀಗೆ ಯಾರದೋ ಮರೆವಿಗೆ ಮರ್ಯಾದೆಯ ಅಂಗಿ ತೊಡಿಸಿ ನಿಲ್ಲಿಸಿರಬಹುದು. ಹೋಗಿ ನೋಡಿ. ಮೊದಲು ನಿಮ್ಮ ಮನೆಯ ಗೋಡೆ ನೋಡಿ.

ಈ ವರ್ಷದ ಸ್ಮರಣ ದಿನ ಮೊನ್ನೆ ಕಳೆಯಿತು. ಪ್ರತಿಮೆಯ ಕಾಲು ಒಣಗಿತ್ತು. ಹನ್ನೊಂದು ಗಂಟೆಗೆ ಸೈರನ್ ಕೂಗಿಸುವುದು ಈಗಿನ ಪದ್ಧತಿ. ಗುಂಡಿ ಒತ್ತಿದವರು ಮೈಕ್ ಸಾಹೇಬರೇ. ಮೊದಲಿನಿಂದ ಇದು ತಮ್ಮದೇ ಯೋಚನೆ ಎಂಬ ಮುಖ ಇತ್ತು. ಇರಲಿ ಬಿಡಿ, ಒತ್ತಿದರಲ್ಲ. ಸೈರನ್ ಕೇಳಿಸಿತೆಂದು ತೋರಿಸಲು ಕೆಳಕೇರಿಯವರು ಮಾಳಿಗೆಗಳ ಮೇಲೆ ನಿಂತು ಬಿಳಿ ಹೊದಿಕೆ ಎತ್ತಿಹಿಡಿಯಬೇಕು. ನಮ್ಮ ಯಜಮಾನರು ಕಟಾಂಜನಕ್ಕೆ ಒರಗಿ, ಹಣೆಗೆ ಕೈಯಿಟ್ಟು ಎಣಿಸತೊಡಗಿದರು. ಒಂದು, ಎರಡು, ಏಳು, ಇಪ್ಪತ್ತು. ಮಗಳು ಅವರ ಪಕ್ಕದಲ್ಲಿ ಪುಸ್ತಕ ಹಿಡಿದು ಬರೆದುಕೊಳ್ಳುತ್ತಿದ್ದಳು.

"ಅರವತ್ತೆರಡು," ಎಂದು ಅವರು ನಿಂತರು. ಮನೆಗಳಿರುವುದು ಅರವತ್ಮೂರು. ಮಗಳು ಪೆನ್ನು ಎತ್ತಿಕೊಂಡು ಕಾದಳು. ಕೊನೆಗೆ ಹೊಳೆಯ ಅಂಚಿನ ಮಾಳಿಗೆಗೆ ನನ್ನ ತಂಗಿಯ ಗಂಡ ನಿಧಾನವಾಗಿ ಹತ್ತಿಬಂದ. ಎರಡು ಕೈಯಲ್ಲೂ ಹೊದಿಕೆ ಬಿಡಿಸಿ ತಲೆಯ ಮೇಲೆ ಎತ್ತಿಹಿಡಿದ.

"ಅರವತ್ಮೂರು," ಎಂದೆ ನಾನು. ಮಗಳು ಬರೆದುಕೊಂಡಳು.