ಹುಳು ಹೆಕ್ಕುವ ಕೈ

ಮೀನಿನ ತೊಟ್ಟಿಯ ಗಾಜಿಗೆ ಅಂಟಿದ್ದ ಕಂದು ಚುಕ್ಕೆಯನ್ನು ಕೊಳೆ ಎಂದುಕೊಂಡು ಕಾಜಾ ಅಕ್ಕ ಒದ್ದೆ ಬಟ್ಟೆಯಿಂದ ಉಜ್ಜಿದಳು. ಹೋಗಲಿಲ್ಲ. ಅದು ಗಾಜಿನ ಒಳಗಡೆ ಇತ್ತು. ಕನ್ನಡಕ ಸರಿಮಾಡಿಕೊಂಡು ಮುಖ ಹತ್ತಿರ ತಂದಾಗ ಚುಕ್ಕೆಯು ಕೂದಲೆಳೆಯಂಥ ಎರಡು ಕೊಂಬು ಚಾಚಿ, ಯಾವ ಅವಸರವೂ ಇಲ್ಲದೆ ಮೇಲಕ್ಕೆ ಹೊರಟಿತು.

"ರೀ, ಇಲ್ಲಿ ಬನ್ನಿ. ನಿಮ್ಮ ಟ್ಯಾಂಕಲ್ಲಿ ಬಸವನಹುಳು ಬಂದಿದೆ."

ಗಂಡ ಸಿಟಿ ಬಸ್ಸಿನ ಡ್ರೈವರು. ಬೆಳಗಿನ ಪಾಳಿ ಮುಗಿಸಿ ಬಂದು ಬೂಟು ಬಿಚ್ಚುತ್ತಿದ್ದವನು ಒಂದೇ ಕಾಲಲ್ಲಿ ಬೂಟಿಟ್ಟುಕೊಂಡು ಬಂದು ಬಗ್ಗಿ ನೋಡಿದ. "ಒಂದೇ ಅಲ್ವಾ? ಇರಲಿ ಬಿಡು ಪಾಪ. ಬಾಡಿಗೆ ಕೇಳೋಣ."

"ಒಂದೆಲ್ಲಿ ಬಂತು? ಆ ಎಲೆ ಹಿಂದೆ ನೋಡಿ. ಲೋಳೆ ಅಂಟಿದೆಯಲ್ಲ, ಅದರ ತುಂಬ ಮೊಟ್ಟೆ. ನೀವು ಹೋದ ವಾರ ತಂದ ಗಿಡದ ಜೊತೆ ಬಂದಿರೋದು."

ತೊಟ್ಟಿ ಅವಳು ಕೇಳಿ ತರಿಸಿದ್ದಲ್ಲ. ಮೂರು ದರ್ಜಿ ಅಂಗಡಿಗಳ ಅಂಗಿಗಳಿಗೆ ಕಾಜಾ ಹಾಕಿ ಕೊಡುತ್ತಿದ್ದವಳು ಅವಳು. ಗುಂಡಿ ತೂರುವ ಆ ಸಣ್ಣ ಸೀಳಿನ ಸುತ್ತ ಅವಳ ಕೈಯ ದಾರ ಕೂರುತ್ತಿದ್ದ ರೀತಿ ಮಿಷನ್ನಿಗೂ ಬರುವುದಿಲ್ಲ ಎಂದು ಹೇಳಿ ಹೇಳಿ, ಬೀದಿಯವರ ಬಾಯಲ್ಲಿ ಅವಳ ಹೆಸರೇ ಕಾಜಾ ಅಕ್ಕ ಎಂದಾಗಿತ್ತು. ಹೋದ ವರ್ಷ ಲಕ್ವ ಹೊಡೆಯಿತು. ಮಾತು ಹಿಂದಕ್ಕೆ ಬಂತು, ಕಾಲೂ ಮುಕ್ಕಾಲು ಬಂತು. ಬಲಗೈ ಮಾತ್ರ ಕೈಕೊಟ್ಟಿತು. ಚಮಚ ಹಿಡಿಯಬಹುದಿತ್ತು. ಸೂಜಿ ಎಂದರೆ ಹೆಬ್ಬೆರಳೂ ತೋರುಬೆರಳೂ ಜಗಳವಾಡಿದ ಓರಗಿತ್ತಿಯರ ಹಾಗೆ ಒಂದರ ಮುಖ ಒಂದು ನೋಡುತ್ತಿರಲಿಲ್ಲ. ಆಸ್ಪತ್ರೆಯ ಫಿಸಿಯೋ ಹುಡುಗಿ ಹಿಸುಕಲು ಕೊಟ್ಟ ರಬ್ಬರ್ ಚೆಂಡನ್ನು "ನಾನೇನು ಕೂಸಾ" ಎಂದು ಮಂಚದ ಕೆಳಗೆ ಉರುಳಿಸಿಬಿಟ್ಟಿದ್ದಳು.

ಆಮೇಲೆ ಅವಳಿಗೆ ಉಳಿದದ್ದು ಒಂದು ಕುರ್ಚಿ, ಎದುರಿಗೊಂದು ಗೋಡೆ. ಬೆಳಗ್ಗೆ ಕೂತರೆ ಸಂಜೆಗೆ ಏಳುವುದು. ಗಂಡ ಕೆಲವು ದಿನ ನೋಡಿದ. ಕಡೆಗೆ, ಮನೆ ಖಾಲಿ ಮಾಡುತ್ತಿದ್ದ ಕಂಡಕ್ಟರೊಬ್ಬನ ಹತ್ತಿರವಿದ್ದ ಈ ತೊಟ್ಟಿಯನ್ನು ಮೀನುಗಳ ಸಮೇತ ಹೊತ್ತು ತಂದು ಅದೇ ಗೋಡೆಯ ಮೂಲೆಗೆ ಇಟ್ಟ. "ಗೋಡೆ ಬದಲು ಇದನ್ನ ನೋಡು. ಗೋಡೆಗಿಂತ ಸ್ವಲ್ಪ ಅಲ್ಲಾಡುತ್ತೆ" ಎಂದ.

ಮೀನನ್ನು ಅವಳು ಅಷ್ಟಾಗಿ ನೋಡಲಿಲ್ಲ. ಆದರೆ ಹುಳು ಕಣ್ಣಿಗೆ ಚುಚ್ಚಿತು. ಬಟ್ಟೆಯ ಮೇಲೆ ಒಂದು ನೂಲು ಎದ್ದಿದ್ದರೂ ಕಿತ್ತು ಬಿಸಾಡದೆ ಸುಮ್ಮನಿರದವಳು; ಅಂಥವಳ ಎದುರಿಗೇ ಗಾಜಿನ ತುಂಬ ಲೋಳೆಯ ಗೆರೆ ಎಳೆದುಕೊಂಡು ಅವು ಮೆರವಣಿಗೆ ಹೊರಟರೆ ಹೇಗೆ ತಡೆದಾಳು? ಮರುದಿನ ಎದ್ದವಳೇ ಮುಚ್ಚಳ ತೆಗೆದಳು. ಕಾಲು ಇನ್ನೂ ಓಲಾಡುತ್ತಿದ್ದುದರಿಂದ ಎಡಗೈ ಮೇಜಿನ ಅಂಚು ಬಿಡುವಂತಿರಲಿಲ್ಲ. ನೀರಿಗೆ ಇಳಿಯಬೇಕಾದದ್ದು ಬಲಗೈಯೇ.

ಮೊದಲ ಹುಳು ಬೆರಳ ಸಂದಿಯಿಂದ ಜಾರಿ ತಳ ಸೇರಿತು. ಎರಡನೆಯದೂ ಅಷ್ಟೇ. ಮೆಣಸಿನ ಕಾಳಿನಷ್ಟಿರುವ ಪ್ರಾಣಿ ತನಗೆ ಟೋಪಿ ಹಾಕುತ್ತಿದೆಯಲ್ಲ ಎಂದು ಅವಳಿಗೆ ರೋಷ ಬಂತು. ತೋಳು ಸೋತು ಬೆರಳು ಸುಕ್ಕುಗಟ್ಟುವವರೆಗೆ ಹೆಣಗಿದಳು. ಮಧ್ಯಾಹ್ನದ ಹೊತ್ತಿಗೆ ಒಂದು ಸಿಕ್ಕಿತು. ಅದನ್ನು ಗಾಜಿಗೆ ಒತ್ತಿ ಹಿಸುಕಿದಾಗ ಚಿಪ್ಪು ಚಿಟಕ್ಕೆಂದಿತು. ಎಲ್ಲಿತ್ತೋ ಒಂದು ಕೆಂಪು ಮೀನು, ಬಂದು ಗುಳುಂ ಮಾಡಿತು. ತಿಂಗಳುಗಳ ಮೇಲೆ ತನ್ನ ಕೈ ಒಂದು ಕೆಲಸ ಮುಗಿಸಿತೆಂದು ಅವಳಿಗೆ ಆಗ ಹೊಳೆಯಲಿಲ್ಲ. ಇನ್ನೊಂದು ಎಲ್ಲಿದೆ ಎಂದು ಹುಡುಕುತ್ತಿದ್ದಳು.

ಹೀಗೆ ದಿನಾ ಹೆಕ್ಕಿದಳು. ಮುಂದಿನ ಸಲ ಆಸ್ಪತ್ರೆಗೆ ಹೋದಾಗ ಫಿಸಿಯೋ ಹುಡುಗಿ ಹಿಡಿತ ಅಳೆಯುವ ಹಿಡಿಕೆಯನ್ನು ಕೈಗೆ ಕೊಟ್ಟಳು. ಮುಳ್ಳು ಹಿಂದಿನ ಸಲ ನಿಂತ ಜಾಗ ದಾಟಿ ಹೋಯಿತು.

"ಚೆಂಡು ಚೆನ್ನಾಗಿ ಕೆಲಸ ಮಾಡಿದೆ ಅಮ್ಮ" ಎಂದಳು ಹುಡುಗಿ.

"ಚೆಂಡಲ್ಲ, ಮನೇಲಿರೋ ಹುಳ" ಎಂದು ಕಾಜಾ ಅಕ್ಕ ಗೊಣಗಿದಳು. ಹಿಂದೆ ನಿಂತಿದ್ದ ಗಂಡ ಕೆಮ್ಮಿದ.

ಹುಳು ಕಡಿಮೆಯಾಗುತ್ತ ಬಂದವು. ಇನ್ನೇನು ಗೆದ್ದೆ ಎನ್ನುವಾಗ ಮತ್ತೆ ಹೆಚ್ಚಿದವು. ಬೆಳಗ್ಗೆ ಗಾಜು ಸ್ವಚ್ಛ ಮಾಡಿದರೆ ಮರುದಿನ ಸಾಸಿವೆ ಎರಚಿದ ಹಾಗೆ ಮರಿಗಳು. ಹೊಳೆಯಲ್ಲಿ ಹುಣಸೆಹಣ್ಣು ತೊಳೆದಂತಾಯಿತು ಅವಳ ಪಾಡು. ಮೇಲಾಗಿ ನೀರು ಗಂಜಿ ಬೆರೆಸಿದಂತೆ ಮಬ್ಬಾಗಿ ವಾಸನೆ ಹೊಡೆಯತೊಡಗಿತು. ಒಂದು ಮಧ್ಯಾಹ್ನ ಅವಳು ಕೋಲೂರಿಕೊಂಡು ಬೀದಿಯ ಕೊನೆಯ ಸಾಕುಮೀನಿನ ಅಂಗಡಿಗೆ ಹೊರಟಳು. ಕಾಯಿಲೆ ಬಿದ್ದ ಮೇಲೆ ಒಬ್ಬಳೇ ಅಷ್ಟು ದೂರ ಹೋದದ್ದು ಅದೇ ಮೊದಲು.

"ಇದಕ್ಕೇನಾದ್ರೂ ಔಷಧಿ ಕೊಡಪ್ಪ."

"ಔಷಧಿ ಇದೆ ಅಕ್ಕಾ. ಆದ್ರೆ ಅಷ್ಟೂ ಒಟ್ಟಿಗೆ ಸತ್ತು ಕೊಳೆತ್ರೆ ಮೀನೂ ಹೋಗುತ್ತೆ" ಎಂದ ಅಂಗಡಿಯವನು. "ಇವು ಸುಮ್ಮನೆ ಹೆಚ್ಚಲ್ಲ. ಮೀನು ತಿಂದು ಮಿಕ್ಕಿದ್ದು ತಳದಲ್ಲಿ ಬಿದ್ದಿದ್ರೆ ಹೆಚ್ಚುತ್ತೆ. ನೀವು ಎಷ್ಟು ಸಲ ಹಾಕ್ತೀರಿ?"

"ಬೆಳಗ್ಗೆ ಒಂದು ಚಿಟಿಕೆ, ಅಷ್ಟೇ."

"ಹಾಗಾದ್ರೆ ಮನೇಲಿ ಇನ್ಯಾರೋ ಧಾರಾಳಿ ಇದ್ದಾರೆ." ಅವನು ನಕ್ಕ. "ಊಟ ಕಡಿಮೆ ಮಾಡಿ, ತಳದ ಕಸ ಎಳೆದು ನೀರು ಬದಲಾಯ್ಸಿ. ಸಂಜೆ ಒಂದು ಸೌತೆಕಾಯಿ ಬಿಲ್ಲೆ ಬಿಡಿ. ಬೆಳಗ್ಗೆ ಹೊತ್ತಿಗೆ ಅದಕ್ಕೆ ಮುತ್ತಿಕೊಂಡಿರ್ತವೆ, ಎತ್ತಿ ಆಚೆ ಹಾಕಿದ್ರಾಯ್ತು."

ಮನೆಯ ಬಾಗಿಲು ಅರೆ ತೆರೆದಿತ್ತು. ಪಾಳಿ ಮುಗಿಸಿ ಬಂದಿದ್ದ ಗಂಡ ತೊಟ್ಟಿಯ ಮುಂದೆ ಬಗ್ಗಿ ನಿಂತಿದ್ದ. ಮೀನಿನ ಊಟದ ಡಬ್ಬಿಯನ್ನು ಉಪ್ಪು ಉದುರಿಸುವ ಹಾಗೆ ನೀರಿನ ಮೇಲೆ ಆಡಿಸುತ್ತ, "ತಿನ್ರಪ್ಪ, ಸಂಕೋಚ ಬೇಡ. ನಾಳೆ ಅವಳು ಏಳೋ ಹೊತ್ತಿಗೆ ನಾಲ್ಕು ಮಕ್ಕಳಾಗ್ಲಿ" ಎನ್ನುತ್ತಿದ್ದ. ಕಳ್ಳನ ಮನಸ್ಸು ಹುಳ್ಳಹುಳ್ಳಗೆ. ಅವಳು ಬಾಯಿ ತೆರೆಯುವ ಮೊದಲೇ ತಿರುಗಿದ.

"ಯಾರಿಗೆ ಬಡಿಸ್ತಾ ಇದ್ದೀರಿ?"

"ಮೀನು ಹಸಿದ ಹಾಗೆ ಕಾಣಿಸ್ತು."

"ಅದು ಹಸಿವಲ್ಲ. ಉಸಿರಾಡೋಕಾಗ್ತಿಲ್ಲ ಅದಕ್ಕೆ. ಬಾಯಿ ನೋಡಿ."

ಕೆಂಪು ಮೀನು ನೀರಿನ ಮೇಲ್ಗಡೆ ತೇಲುತ್ತ ಗಾಳಿಗಾಗಿ ಬಾಯಿ ತೆರೆದು ಮುಚ್ಚುತ್ತಿತ್ತು. ಗಂಡ ಡಬ್ಬಿ ಕೆಳಗಿಟ್ಟ.

"ನಾನು ದಿನಾ ಹೆಕ್ಕೋದು, ನೀವು ದಿನಾ ಸಾಕೋದು. ಬೇಲೀನೇ ಎದ್ದು ಹೊಲ ಮೇಯ್ದ ಹಾಗಾಯ್ತು. ಏನಾಗಿದೆ ನಿಮಗೆ?"

ಅವನು ತನ್ನ ಕಾಲಬೆರಳು ನೋಡಿದ. "ಆವತ್ತು ಆಸ್ಪತ್ರೆಯಿಂದ ವಾಪಸ್ ಬರುವಾಗ ಬಸ್ಸಿನ ಟಿಕೆಟ್ ನಿನ್ನ ಬಲಗೈಲಿತ್ತು. ಎರಡು ಬೆರಳಲ್ಲಿ ಹಿಡ್ಕೊಂಡಿದ್ದೆ. ನಿನಗೇ ಗೊತ್ತಿರಲಿಲ್ಲ. ನಾನು ಇಳಿಯೋವರೆಗೂ ಅದನ್ನೇ ನೋಡ್ತಿದ್ದೆ. ಆಮೇಲೆ ಹುಳ ಕಡಿಮೆ ಆಗ್ತಾ ಬಂತು. ಎಲ್ಲ ಮುಗಿದುಹೋದ್ರೆ ನೀನು ಮತ್ತೆ ಆ ಕುರ್ಚಿಗೆ ಹೋಗಿ ಕೂತುಬಿಡ್ತೀಯ ಅಂತ ಹೆದರಿಕೆ ಆಯ್ತು."

ತಾನು ಗೋಡೆ ನೋಡುತ್ತ ಕೂತಿದ್ದ ಆ ತಿಂಗಳುಗಳಲ್ಲಿ ಈ ಮನುಷ್ಯ ಉಂಡ, ಕೆಲಸಕ್ಕೆ ಹೋದ, ಮಲಗಿದ ಎಂದಷ್ಟೇ ಕಾಜಾ ಅಕ್ಕನಿಗೆ ನೆನಪು. ಅವನಿಗೆ ಹೆದರಿಕೆಯೂ ಆಗಿತ್ತೆಂದು ಅವಳು ಎಣಿಸಿರಲಿಲ್ಲ.

"ಬಾಯಿಬಿಟ್ಟು ಹೇಳಬಹುದಿತ್ತಲ್ಲ" ಎಂದಳು.

"ಹೇಳಿದ್ರೆ ಚೆಂಡಿಗಾದ ಗತಿ ಇದಕ್ಕೂ ಆಗ್ತಿತ್ತು. ಇಷ್ಟು ದೊಡ್ಡ ಟ್ಯಾಂಕು, ಮಂಚದ ಕೆಳಗೆ ಹೋಗುತ್ತಾ?"

ಅವಳಿಗೆ ನಗು ಬಂತು, ತಡೆದುಕೊಂಡಳು. "ಬಕೆಟ್ ತನ್ನಿ. ಆ ರಬ್ಬರ್ ಪೈಪೂ ತನ್ನಿ. ಮೀನು ಸತ್ರೆ ನಿಮ್ಮನ್ನೇ ಅಲ್ಲಿ ಬಿಡ್ತೀನಿ."

ಪೈಪಿನ ತುದಿಗೆ ಬಾಯಿಟ್ಟು ನೀರು ಎಳೆಯಹೋದ ಗಂಡ ಒಂದು ಗುಟುಕು ನುಂಗಿಯೇಬಿಟ್ಟು ಥೂ ಥೂ ಎನ್ನುತ್ತ ಬಚ್ಚಲಿಗೆ ಓಡಿದ. ಆಗ ಮಾತ್ರ ಅವಳು ಮೇಜು ಹಿಡಿದುಕೊಂಡು ಹೊಟ್ಟೆ ತುಂಬ ನಕ್ಕಳು. ತಳದ ಕಲ್ಲುಗಳ ನಡುವೆ ಕೊಳೆತಿದ್ದ ಊಟವೆಲ್ಲ ಬಕೆಟ್ಟಿಗೆ ಬಂತು. ಮನೆ ಬಳಕೆಗೆಂದು ಹಿಂದಿನ ದಿನವೇ ಹಿಡಿದಿಟ್ಟಿದ್ದ ನೀರನ್ನು ಅವನು ಚೊಂಬಿನಲ್ಲಿ ಮೆಲ್ಲಗೆ ಹೊಯ್ಯುತ್ತಿದ್ದರೆ, ಅವಳು ಪೈಪಿನ ಬಾಯನ್ನು ತಳದಲ್ಲಿ ಮೂಲೆಯಿಂದ ಮೂಲೆಗೆ ಆಡಿಸಿದಳು. ದೀಪ ಹಚ್ಚುವ ಹೊತ್ತಿಗೆ ಕೆಂಪು ಮೀನು ಗಿಡದ ಬುಡಕ್ಕೆ ಇಳಿದಿತ್ತು.

ಅಂದಿನಿಂದ ಊಟ ಬೆಳಗಿನ ಒಂದು ಚಿಟಿಕೆಗೆ ನಿಂತಿತು. ಸಂಜೆ ಸೌತೆಕಾಯಿ ಬಿಲ್ಲೆ, ಬೆಳಗ್ಗೆ ಅದರ ಮೇಲಿನ ಸಂತೆಯನ್ನು ಎತ್ತಿ ಹೊರಗೆ ಹಾಕುವುದು. ಮಳೆಗಾಲ ಮುಗಿಯುವಷ್ಟರಲ್ಲಿ ಹುಡುಕಿದರೆ ಅಲ್ಲೊಂದು ಇಲ್ಲೊಂದು ಸಿಗುವಷ್ಟಾಯಿತು. ಪೂರ್ತಿ ಹೋಗಲಿಲ್ಲ, ಹೋಗುವುದೂ ಇಲ್ಲವಂತೆ.

ಒಂದು ರಜೆಯ ದಿನ ತೊಟ್ಟಿಯಲ್ಲಿ ಮಾಡಲು ಕೆಲಸವಿರಲಿಲ್ಲ. ಕಾಜಾ ಅಕ್ಕ ಕುರ್ಚಿಯನ್ನು ಕಿಟಕಿಯ ಹತ್ತಿರಕ್ಕೆ ಎಳೆದುಕೊಂಡು, ಗಂಡನ ಹಳೆಯ ಅಂಗಿಯೊಂದನ್ನು ತೊಡೆಯ ಮೇಲೆ ಹರವಿ, ಸೂಜಿಗೆ ದಾರ ಪೋಣಿಸಿದಳು. ಮೊದಲ ಕಾಜಾ ಸೊಟ್ಟಗಾಯಿತು. ಒಂದೊಂದೇ ಹೊಲಿಗೆ ಬಿಚ್ಚಿ ಮತ್ತೆ ಶುರುಮಾಡಿದಳು.

"ಹೇಗೆ ಬರ್ತಿದೆ?" ಎಂದ ಗಂಡ. ತಿರುಗಿ ನೋಡದಿರಲು ಅವನು ತೊಟ್ಟಿಯ ಗಾಜು ಒರೆಸುತ್ತ ನಿಂತಿದ್ದ. ಆಗಲೇ ಒರೆಸಿದ್ದ ಗಾಜು ಅದು.

"ಕೆಟ್ಟದಾಗಿ" ಎಂದಳು ಅವಳು, ಸೂಜಿಯಿಂದ ಕಣ್ಣು ತೆಗೆಯದೆ.

ಅವನ ನೆರಳು ಕಂಡು ಮೀನುಗಳೆಲ್ಲ ಗಾಜಿನ ಹತ್ತಿರ ಬಂದು ಗುಂಪುಗೂಡಿದವು. ಅವನು ಬಟ್ಟೆಯನ್ನು ಹೆಗಲಿಗೆ ಹಾಕಿಕೊಂಡು ಎರಡೂ ಖಾಲಿ ಅಂಗೈ ಬಿಚ್ಚಿ ಅವಕ್ಕೆ ತೋರಿಸಿದ. ಮೀನುಗಳು ನಂಬಲಿಲ್ಲ, ಅಲ್ಲೇ ನಿಂತು ಬಾಯಿ ಆಡಿಸುತ್ತಿದ್ದವು.