ರೆಕ್ಕೆಯ ಪಾಲಿನ ರೊಟ್ಟಿ

ನಾಲ್ಕನೆಯ ಸಲವೂ ದಾರ ಸೂಜಿಯ ಕಣ್ಣಿನ ಪಕ್ಕದಿಂದಲೇ ಹಾದುಹೋಯಿತು. ಸಲಾವುದ್ದೀನ ಮಿಸ್ತ್ರಿ ದಾರದ ತುದಿಯನ್ನು ಮತ್ತೊಮ್ಮೆ ನಾಲಿಗೆಗೆ ತಾಗಿಸಿ, ಹೊಸೆದು, ಸೂಜಿಯನ್ನು ಆಕಾಶಕ್ಕೆ ಎತ್ತಿ ಹಿಡಿದ. ಬದುವಿನ ಮೇಲೆ ಕುಳಿತಿದ್ದ ಮಣ್ಣೂರಿನ ಹೆಂಗಸರು, ಇದು ವಿಮಾನದವರ ಯಾವುದೋ ದೊಡ್ಡ ಪರೀಕ್ಷೆಯಿರಬೇಕೆಂದು ತಿಳಿದು ತಾವೂ ಒಮ್ಮೆ ಆಕಾಶ ನೋಡಿದರು.

ವಿಮಾನ ಬಸವಂತರಾಯನ ಹೊಲದಲ್ಲಿ ನಿಂತಿತ್ತು. ಬಿಳಿಜೋಳ ಕೊಯ್ದು ಮುಗಿದ ಹೊಲ, ಆಚೆ ಭೀಮಾನದಿ. ಮೂರು ದಿನದ ಕೆಳಗೆ ಹೈದರಾಬಾದಿನಿಂದ ಸೊಲ್ಲಾಪುರದ ಕಡೆ ಹೊರಟಿದ್ದ, ಪುಷ್ಪಕವೆಂಬ ಈ ಎರಡು ಸೀಟಿನ ವಿಮಾನದ ಎಂಜಿನ್ನು, ಪೆಟ್ರೋಲಿನಲ್ಲಿ ನೀರು ಸೇರಿ, ಹೊಳೆಯ ಮೇಲೆಯೇ ಎರಡು ಸಲ ಕೆಮ್ಮಿ ಸುಮ್ಮನಾಯಿತು. ನಡೆಸುತ್ತಿದ್ದವರು ಕ್ಯಾಪ್ಟನ್ ಗೌಸಮೊಹಿದ್ದೀನ. ಹುಟ್ಟಿದ್ದು ಆಳಂದದಲ್ಲಿ, ಇಪ್ಪತ್ತೈದು ವರ್ಷದಿಂದ ಫ್ಲೈಯಿಂಗ್ ಕ್ಲಬ್ಬಿನಲ್ಲಿ ಹುಡುಗರಿಗೆ ವಿಮಾನ ಹಾರಿಸುವುದನ್ನು ಕಲಿಸುತ್ತಿದ್ದವರು. ಪುಷ್ಪಕದ ಗುಣ ಅವರಿಗೆ ಗೊತ್ತಿತ್ತು. ಎಂಜಿನ್ನು ನಿಂತರೂ ಅದು ಬೀಳುವುದಿಲ್ಲ. ಮೂತಿಯನ್ನು ಸ್ವಲ್ಪ ತಗ್ಗಿಸಿ ಹಿಡಿದರೆ, ಆತುರವಿಲ್ಲದ ಹದ್ದಿನ ಹಾಗೆ ಗಾಳಿಯ ಮೇಲೆ ಜಾರುತ್ತ ಬರುತ್ತದೆ. ನೆಲದ ಹತ್ತಿರ ಬಂದ ಮೇಲಂತೂ ಇಳಿಯಲು ಅದಕ್ಕೆ ಮನಸ್ಸೇ ಇರುವುದಿಲ್ಲ. ಒಂದಾಳೆತ್ತರದಲ್ಲಿ ತೇಲುತ್ತ ಹೋಗಿ, ಇನ್ನು ಬೇರೆ ದಾರಿಯಿಲ್ಲ ಅನ್ನಿಸಿದಾಗ ಮೆತ್ತಗೆ ಕೂಡುತ್ತದೆ. ಅಂದೂ ಹಾಗೆಯೇ ಕೂತಿತು. ಆದರೆ ಓಡುತ್ತ ಹೋಗಿ ನಿಲ್ಲುವ ಹೊತ್ತಿಗೆ ಬದುವಿನ ಜಾಲಿಗಿಡವೊಂದು ಬಲರೆಕ್ಕೆಯ ಅಡಿಭಾಗವನ್ನು ಒಂದು ಮೊಳ ಉದ್ದ ಹರಿದುಬಿಟ್ಟಿತ್ತು.

ಬಸವಂತರಾಯನಿಗೆ ಅದೊಂದು ಹಬ್ಬವಾಗಿತ್ತು. ಪಕ್ಕದ ಹೊಲ ಅವನ ದಾಯಾದಿಯದು. ಅದೂ ಅಷ್ಟೇ ಸಪಾಟು, ಅಷ್ಟೇ ಉದ್ದ.

"ಆ ಹೊಲಾನೂ ಇತ್ತಲ್ರಿ, ಅಲ್ಲ್ಯಾಕ ಇಳೀಲಿಲ್ಲ?" ಎಂದು ನೋಡಲು ಬಂದವರಿಗೆಲ್ಲ ಅವನೇ ಕೇಳಿ, ಅವನೇ ಉತ್ತರ ಕೊಡುತ್ತಿದ್ದ. "ಮ್ಯಾಲಿಂದ ನೋಡಿದವ್ರಿಗಿ ಗೊತ್ತಾಗ್ತದ, ಯಾವ ಹೊಲಾ ಹಸನ ಅದ ಅಂತ."

ಮೊದಲ ದಿನವೇ ಅವನು ವಿಮಾನದ ಎರಡೂ ರೆಕ್ಕೆಗಳಿಗೆ ಹಗ್ಗ ಬಿಗಿದು ಗೂಟಕ್ಕೆ ಕಟ್ಟಿಸಿದ್ದ, ಹೋರಿ ಕಟ್ಟುವ ಹಾಗೆ. ಗಾಳಿಗೆ ಎದ್ದು ಹೋಗಬಾರದಲ್ಲ ಎಂದು. ರಿಪೇರಿಗೆಂದು ಕ್ಲಬ್ಬಿನವರು ಕಳಿಸಿ ನಿನ್ನೆ ಬಸ್ಸಿಳಿದು ಬಂದ ಸಲಾವುದ್ದೀನ ಆ ಗಂಟುಗಳನ್ನು ನೋಡಿ, "ಇದನ್ನ ಯಾರ ಹೇಳಿಕೊಟ್ರು ಗೌಡ್ರೇ? ನಾವೂ ಹಿಂಗ ಕಟ್ಟೂದು," ಎಂದದ್ದೇ ತಡ, ಅವನು ತನ್ನ ಮನೆಯಲ್ಲೇ ಉಣ್ಣಬೇಕೆಂದು ಬಸವಂತರಾಯ ಹಟ ಹಿಡಿದ. ಸಲಾವುದ್ದೀನನ ತಾಯಿ ಜೇವರ್ಗಿ ಕಡೆಯ ಕೊಳಕೂರಿನವಳೆಂದು ತಿಳಿದ ಮೇಲೆ ಮಾತಿಗೆ ಇನ್ನಷ್ಟು ಸಲಿಗೆ ಬಂತು.

"ಮಿಸ್ತ್ರಿ, ಒಂದ ಮಾತ ಕೇಳ್ಲಾ? ಇದು ತಗಡಲ್ಲಾ?"

"ಅರಿವಿ, ಗೌಡ್ರೇ. ಒಳಗ ಕಟ್ಟಿಗಿ, ಕಬ್ಬಿಣದ ಕೊಳವಿ. ಮ್ಯಾಲ ಅರಿವಿ ಎಳದು ಹೊಲದು, ಡೋಪ್ ಅಂತ ಒಂದು ಔಷಧ ಹಚ್ಚತೇವ್ರಿ. ಅದು ಒಣಗಿದ್ರ ಹಲಗಿ ಚರ್ಮದಂಗ ಬಿಗಿ ಆಗ್ತದ."

ಬಸವಂತರಾಯ ರೆಕ್ಕೆಯನ್ನು ಬೆರಳಿನಿಂದ ಬಾರಿಸಿ ನೋಡಿದ. ಢಬ್ ಎಂದಿತು. "ಹಂಗಾರ ಕ್ಯಾಪ್ಟನ್ ಸಾಹೇಬ್ರು ಇಷ್ಟ ವರ್ಷ ಅಂಗಿ ತೊಟಗೊಂಡು ಹಾರ್ಯಾರ ಅನ್ನು," ಎಂದ. ಹೆಂಗಸರು ಸೆರಗು ಅಡ್ಡ ಹಿಡಿದು ನಕ್ಕರು.

ಸಲಾವುದ್ದೀನನೂ ನಕ್ಕ. ಆದರೆ ಕೈಯಲ್ಲಿ ಸೂಜಿ ಹಾಗೆಯೇ ಇತ್ತು. ಪೆಟ್ರೋಲಿನ ನೀರನ್ನು ನಿನ್ನೆಯೇ ಸೋಸಿ ತೆಗೆದಿದ್ದ, ಉಳಿದದ್ದು ಈ ಹೊಲಿಗೆಯೊಂದೇ. ಈ ಪುಷ್ಪಕ ಬೆಂಗಳೂರಿನಲ್ಲಿ ತಯಾರಾಗಿ ಬಂದು ಇಪ್ಪತ್ತೆರಡು ವರ್ಷ. ಅದರಲ್ಲಿ ಹತ್ತೊಂಬತ್ತು ವರ್ಷ ಅವನ ಕೈಯಲ್ಲೇ ಇತ್ತು. ಅಮೆರಿಕದ ಒಂದು ಸಣ್ಣ ವಿಮಾನವನ್ನು ನೋಡಿ ಮಾಡಿದ್ದಂತೆ. ನೂರೈವತ್ತರ ಹತ್ತಿರ ಮಾಡಿ ನಿಲ್ಲಿಸಿದರಂತೆ. ಈಗ ಸತ್ತದ್ದರ ಬಿಡಿಭಾಗ ತೆಗೆದು ಬದುಕಿದ್ದಕ್ಕೆ ಹಾಕಬೇಕು. ಕ್ಲಬ್ಬಿನವರು ಸ್ಪಷ್ಟವಾಗಿ ಹೇಳಿ ಕಳಿಸಿದ್ದರು: ನಾಳೆಯೊಳಗೆ ಹಾರಿದರೆ ಸರಿ, ಇಲ್ಲದಿದ್ದರೆ ಲಾರಿ ಬರುತ್ತದೆ, ರೆಕ್ಕೆ ಬಿಚ್ಚಿ ಹೇರಿಕೊಂಡು ಬರುವುದು. ಒಮ್ಮೆ ಬಿಚ್ಚಿದ ರೆಕ್ಕೆಯನ್ನು ಈ ವಯಸ್ಸಿನ ವಿಮಾನಕ್ಕೆ ಯಾರೂ ಮತ್ತೆ ಕೂಡಿಸುವುದಿಲ್ಲವೆಂದು ಅವನಿಗೆ ಗೊತ್ತಿತ್ತು. ಲಾರಿ ಎರಡು ದಿನ ತಡೆಯಲಿ ಎಂದು ಕೇಳುವುದಕ್ಕೆ ಕ್ಯಾಪ್ಟನ್ನರು ಬೆಳಿಗ್ಗೆಯೇ ಅಫಜಲಪುರದ ಅಂಚೆ ಕಚೇರಿಗೆ ಟ್ರಂಕ್ ಕಾಲ್ ಮಾಡಲು ಹೋಗಿದ್ದರು.

ಅವರಿಗೆ ಗೊತ್ತಿಲ್ಲವೆಂದು ಅವನು ತಿಳಿದಿದ್ದ ಸಂಗತಿ ಇನ್ನೊಂದಿತ್ತು. ಎರಡು ವರ್ಷದಿಂದ ಸಲಾವುದ್ದೀನನಿಗೆ ಹತ್ತಿರದ್ದು ಕಾಣುತ್ತಿರಲಿಲ್ಲ. ದೂರದ ಹೊಲದಲ್ಲಿ ಮೇಯುವ ಎಮ್ಮೆಯ ಕೋಡು ಎಣಿಸಬಲ್ಲ. ಕೈಯೊಳಗಿನ ಸೂಜಿ ಮಾತ್ರ ಮಂಜು. ಹೆಂಡತಿ ಶಮಶಾದ ಒಂದು ಚಾಳೀಸು ಕನ್ನಡಕ ಕೊಡಿಸಿದ್ದಳು. ಅದು ಮನೆಯ ಪೆಟ್ಟಿಗೆಯಲ್ಲೇ ಇತ್ತು. ಕಣ್ಣು ಹೋದ ಮಿಸ್ತ್ರಿಯ ಸಹಿಯ ಮೇಲೆ ವಿಮಾನ ಯಾರು ಹಾರಿಸುತ್ತಾರೆ ಎಂದು ಅವನು ಅದನ್ನು ಕ್ಲಬ್ಬಿಗೆ ಒಯ್ದವನೇ ಅಲ್ಲ. ಸಣ್ಣ ಕೆಲಸವನ್ನೆಲ್ಲ ಅಭ್ಯಾಸಬಲದಿಂದ ಮಾಡಿ ದಾಟಿಸಿದ್ದ. ಈಗ ಹೊಲಿಯದೆ ದಾರಿಯಿರಲಿಲ್ಲ.

ಐದನೆಯ ಸಲವೂ ದಾರ ತಪ್ಪಿತು.

ಬದುವಿನ ಮೇಲಿಂದ ಒಬ್ಬಳು ಎದ್ದು ಬಂದಳು. ಅರವತ್ತು ದಾಟಿದ ಹೆಂಗಸು, ಹಣೆಯ ಮೇಲೆ ವಿಭೂತಿ. ಸೆರಗಿನ ಅಂಚನ್ನು ಮುಂದೆ ಚಾಚಿದಳು. ಅದರಲ್ಲಿ ಸಾಲಾಗಿ ಹತ್ತು ಹನ್ನೆರಡು ಸೂಜಿ ಚುಚ್ಚಿದ್ದವು. ಎಲ್ಲದರಲ್ಲೂ ದಾರ.

"ಸುಂದರಬಾಯಿ," ಎಂದ ಬಸವಂತರಾಯ. "ನಮ್ಮ ಊರಾಗ ಈಕಿ ಹಳೀ ಸೀರಿ ಕೂಡ್ಸಿ ಹೊಲದ ಕೌದಿ ಇಲ್ಲದ ಮನಿ ಇಲ್ಲ."

"ನನಗೂ ಕಾಣೂದಿಲ್ಲೋ ತಮ್ಮಾ," ಎಂದಳು ಸುಂದರಬಾಯಿ, ಮಳೆ ಬರುವ ಹಾಗಿದೆ ಎನ್ನುವಷ್ಟು ಸಲೀಸಾಗಿ. "ಹತ್ತು ವರ್ಷ ಆತು. ಮೊಮ್ಮಗಳು ಸಾಲಿಗಿ ಹೋಗೂ ಮುಂದ ಎಲ್ಲಾ ಸೂಜಿಗೂ ದಾರಾ ಹಾಕಿಟ್ಟ ಹೋಗ್ತಾಳ. ಹೊಲ್ಯಾಕ ಕಣ್ಣ ಯಾಕ ಬೇಕು, ಬೆರಳ ಅವಲ್ಲ."

ಸಲಾವುದ್ದೀನ ಸುತ್ತ ನೋಡಿದ. ಯಾರಿಗೂ ಇದು ದೊಡ್ಡ ಸುದ್ದಿ ಅನ್ನಿಸಿದಂತೆ ಕಾಣಲಿಲ್ಲ. ಒಬ್ಬಾಕೆ ಅವನ ಕೈಯಿಂದ ಮೇಣದ ದಾರವನ್ನೂ ಸೂಜಿಯನ್ನೂ ತೆಗೆದುಕೊಂಡು, ಪೋಣಿಸಿ, ವಾಪಸು ಕೊಟ್ಟು, ಮತ್ತೆ ತನ್ನ ಮಾತಿಗೆ ಹೋಗಿ ಕೂತಳು. ಅವನು ಆ ಸೂಜಿಯನ್ನು ಸ್ವಲ್ಪ ಹೊತ್ತು ಹಿಡಿದುಕೊಂಡೇ ಇದ್ದ. ಆಮೇಲೆ ಸುಂದರಬಾಯಿಯ ಕೈಗೆ ಕೊಟ್ಟ.

"ಅಕ್ಕಾ, ಒಂದು ಇಂಚಿಗಿ ಎಂಟು ಹೊಲಿಗಿ ಬೀಳಬೇಕು. ಪ್ರತಿ ಎಂಟಕ್ಕ ಒಂದು ಗಂಟು. ಒಂದು ಕಡಿ ಹರದ್ರೂ ಮುಂದಿಂದು ಬಿಚ್ಚಬಾರದು."

"ಇಂಚು ಗಿಂಚು ನನಗ ಗೊತ್ತಿಲ್ಲ. ಎಲ್ಲಿ, ಬೆರಳ ಮ್ಯಾಲ ತೋರ್ಸು."

ಅವನು ತೋರಿಸಿದ. ತನ್ನ ಬೆರಳ ಗೆಣ್ಣಿನ ಮೇಲೆ ಅವಳು ಒಂದು ಸಲ ಉಗುರಿನಿಂದ ಗುರುತು ಒತ್ತಿಕೊಂಡಳು, ಅಷ್ಟೇ. ಬಸವಂತರಾಯ ಎತ್ತಿಲ್ಲದ ಗಾಡಿಯೊಂದನ್ನು ಆಳುಗಳಿಂದ ತಳ್ಳಿಸಿ ರೆಕ್ಕೆಯ ಕೆಳಗೆ ನಿಲ್ಲಿಸಿದ. ಸುಂದರಬಾಯಿ ಗಾಡಿಯ ಮೇಲೆ ಹತ್ತಿ, ಮೇಲೆ ಮುಖ ಮಾಡಿ ಕೂತಳು. ಸಲಾವುದ್ದೀನ ಹರಿದ ಅಂಚುಗಳನ್ನು ಕೂಡಿಸಿ ಹಿಡಿದ. ಸೂಜಿ ಹೊಕ್ಕು ಹೊರಟಿತು. ಅವಳು ಕಣ್ಣು ಮುಚ್ಚಿಕೊಂಡೇ ಹೊಲಿಯುತ್ತಿದ್ದಳು. ಎಂಟಕ್ಕೊಮ್ಮೆ ಗಂಟು ಬೀಳುವಾಗ ಮಾತ್ರ ಅವಳ ಬಾಯಿಂದ "ಹ್ಞಾಂ" ಎಂಬ ಸಣ್ಣ ಸದ್ದು ಬರುತ್ತಿತ್ತು.

ಇನ್ನು ಮೂರು ಬೆರಳಿನಷ್ಟು ಉಳಿದಿರುವಾಗ ಅವಳು ಕೈ ಇಳಿಸಿದಳು.

"ಯಾರರ ಒಂದು ತುಣುಕು ರೊಟ್ಟಿ ತರ್ರಿ."

"ಊಟಾ ಆಮ್ಯಾಲ ಅಕ್ಕಾ. ಇಷ್ಟ ಮುಗಿಸಿಬಿಡು."

"ನನಗಲ್ಲೋ. ಇದಕ್ಕ." ಅವಳು ರೆಕ್ಕೆ ತೋರಿಸಿದಳು. "ಕೌದಿ ಮೂಲಿ ಮುಚ್ಚೂ ಮುಂದ ಒಳಗ ರೊಟ್ಟಿ ಇಡ್ತೇವು. ಅದರ ಹೊಟ್ಟಿ ತುಂಬಸಲಾರದ ನಾ ಒಂದರ ಕೌದಿ ಮುಚ್ಚೇನೇನು?"

ಸಲಾವುದ್ದೀನ ಗಾಬರಿಯಾದ. "ಅಕ್ಕಾ, ರೊಟ್ಟಿ ವಾಸನಿಗಿ ಇಲಿ ಬರ್ತಾವ. ಕ್ಲಬ್ಬಿನ ಶೆಡ್ಡಿನಾಗ ಬೆಕ್ಕಿನಂಥಾ ಇಲಿ ಅವ. ಒಳಗ ಹೊಕ್ಕರ ಅರಿವಿ, ಕಟ್ಟಿಗಿ ಎಲ್ಲಾ ಕಡೀತಾವ."

ಸುಂದರಬಾಯಿ ವಾದ ಮಾಡಲಿಲ್ಲ. ಸೂಜಿಯನ್ನು ಸೆರಗಿಗೆ ಚುಚ್ಚಿ, ಕೈ ಕಟ್ಟಿ ಸುಮ್ಮನೆ ಕೂತಳು. ಹೊಲದಲ್ಲಿ ಎಲ್ಲರೂ ಸಲಾವುದ್ದೀನನ ಕಡೆ ತಿರುಗಿದರು. ಮೂರು ಬೆರಳಿನ ಹರಕು ಅವನ ಕೈಯಲ್ಲಿ ಬಾಯಿ ತೆರೆದು ಕಾಯುತ್ತಿತ್ತು.

"ಅಕ್ಕಾ, ಇದರ ಹೊಟ್ಟಿ ರೆಕ್ಕಿಯೊಳಗಿಲ್ಲ," ಎಂದ ಕೊನೆಗೆ. "ಅಲ್ಲಿ, ಕೂಡೂ ಜಾಗಾದಾಗ ಅದ."

ಅವಳು ಯೋಚಿಸಿದಳು. "ಹಂಗಾರ ಅಲ್ಲಿ ಕೂಡಾವ ಉಣಬೇಕು. ನೀ ಕೂಡ್ತೀಯೇನು?"

ಸಲಾವುದ್ದೀನ ಹತ್ತೊಂಬತ್ತು ವರ್ಷದಲ್ಲಿ ಹಾರಿದ್ದು ಒಂದೇ ಸಲ. ಅಂದು ಇಳಿದವನು ಒಂದು ತಾಸು ಬೇವಿನ ಗಿಡ ತಬ್ಬಿಕೊಂಡು ನಿಂತಿದ್ದ. "ಕೂಡ್ತೇನಿ," ಎಂದ, ಹೊಲಿಗೆ ಮುಗಿದರೆ ಸಾಕೆಂದು.

ರೊಟ್ಟಿ ಬಂತು, ಮೇಲೆ ಶೇಂಗಾ ಚಟ್ನಿ. ಗಾಡಿಯ ಮೇಲೆ ಕೂತು, ಎಲ್ಲರ ಎದುರು, ರೆಕ್ಕೆಯ ಪಾಲಿನ ರೊಟ್ಟಿಯನ್ನು ಅವನು ಕೊನೆಯ ಚೂರಿನವರೆಗೂ ತಿಂದ. ಸುಂದರಬಾಯಿ ಅವನು ನೀರು ಕುಡಿಯುವತನಕ ಕಾದು, ಉಳಿದದ್ದನ್ನು ಮುಚ್ಚಿ ಗಂಟು ಹಾಕಿದಳು.

ಕ್ಯಾಪ್ಟನ್ನರು ಬಂದಾಗ ಮಧ್ಯಾಹ್ನ ತಿರುಗಿತ್ತು. ಲಾರಿ ನಿಲ್ಲಿಸಲು ಕ್ಲಬ್ಬಿನವರು ಒಪ್ಪಿರಲಿಲ್ಲ. ಬಾಡಿದ ಮುಖದಲ್ಲಿ ರೆಕ್ಕೆಯ ಕೆಳಗೆ ಬಗ್ಗಿದವರು, ಜೇಬಿನಿಂದ ಚಾಳೀಸು ತೆಗೆದು ಹಾಕಿಕೊಂಡು, ಮತ್ತೆ ನೋಡಿದರು. ಹೊಲಿಗೆಯ ಮೇಲೆ ಇನ್ನೂ ಪಟ್ಟಿ ಅಂಟಿಸಿರಲಿಲ್ಲ.

"ಸಲಾವುದ್ದೀನ," ಎಂದರು. "ಹತ್ತೊಂಬತ್ತು ವರ್ಷದಾಗ ನೀ ಇಂಥಾ ಹೊಲಿಗಿ ಹಾಕಿದ್ದು ನಾ ನೋಡಿಲ್ಲ."

ಸುಂದರಬಾಯಿ ಬದುವಿನ ಮೇಲೆ ಕೂತು ಎಲೆಗೆ ಸುಣ್ಣ ಹಚ್ಚುತ್ತಿದ್ದಳು. ಬಸವಂತರಾಯ ಹೊಳೆಯ ಕಡೆ ನೋಡಿದ. ಒಬ್ಬರೂ ಬಾಯಿ ಬಿಡಲಿಲ್ಲ. ಆ ಹೊಗಳಿಕೆಯನ್ನು ಅವನು ಬೇಕಾದರೆ ಇಟ್ಟುಕೊಳ್ಳಲಿ ಎಂದು ಇಡೀ ಮಣ್ಣೂರು ಬಿಟ್ಟುಕೊಟ್ಟ ಹಾಗಿತ್ತು.

"ನಂದಲ್ಲ ಸಾಬ್," ಎಂದ ಸಲಾವುದ್ದೀನ. "ಆ ಅಕ್ಕಾಂದು. ನನಗ ಸೂಜಿ ಕಾಣಲಿಲ್ಲ. ಎರಡು ವರ್ಷಾತು, ಕಾಣೂದಿಲ್ಲ."

ಕ್ಯಾಪ್ಟನ್ನರು ಚಾಳೀಸು ತೆಗೆದು ಅಂಗಿಯ ತುದಿಯಿಂದ ಒರೆಸಿದರು. ಬಹಳ ಹೊತ್ತು ಒರೆಸಿದರು.

"ಲಾಗ್‌ಬುಕ್ಕಿಗಿ ಸಹಿ ಮಾಡೂ ಮುಂದ ಅದನ್ನ ಒಂದು ಮಾರು ದೂರ ಹಿಡೀತಿ," ಎಂದರು. "ನನಗೇನ ಗೊತ್ತಿಲ್ಲಂತ ತಿಳದಿದ್ಯಾ? ನೀ ಕೈಯಾಡಿಸಿ ನೋಡಲಾರದ ಯಾವತ್ತೂ ಸಹಿ ಮಾಡಿಲ್ಲ. ಅದಕ್ಕ ಸುಮ್ಮ ಇದ್ದೆ. ಇನ್ನ ಮುಂದ ಆ ಚಾಳೀಸು ಹಾಕ್ಕೋ, ಮಾರಾಯಾ. ನಾ ಹಾಕ್ಕೊಳ್ಳಾಕತ್ತಿಲ್ಲಾ?"

ಸಲಾವುದ್ದೀನ ತಲೆಯಾಡಿಸಿದ. ಗಾಡಿ ಹತ್ತಿ, ಹೊಲಿಗೆಯ ಈ ತುದಿಯಿಂದ ಆ ತುದಿಯವರೆಗೆ ಬೆರಳಾಡಿಸಿದ, ಕಣ್ಣು ಮುಚ್ಚಿಕೊಂಡೇ. ಎಂಟು, ಗಂಟು. ಎಂಟು, ಗಂಟು. ಆಮೇಲೆ ಹೊಲಿಗೆಯ ಮೇಲೆ ತೆಳುವಾದ ಅರಿವೆಯ ಪಟ್ಟಿ ಇಟ್ಟು, ಬಣ್ಣವಿಲ್ಲದ ಡೋಪನ್ನು ಸಂಜೆಯತನಕ ಸಾಲು ಸಾಲಾಗಿ ಹಚ್ಚಿದ. ಅದರ ಘಾಟಿಗೆ ಹೆಂಗಸರು ಮೂಗು ಮುಚ್ಚಿಕೊಂಡರೇ ಹೊರತು ಎದ್ದು ಹೋಗಲಿಲ್ಲ. ಒಣಗಿದ ಮೇಲೆ ಬಸವಂತರಾಯ ಬಾರಿಸಿ ನೋಡಿದ. ಢಬ್. ಸಲಾವುದ್ದೀನ ಲಾಗ್‌ಬುಕ್ಕನ್ನು ಕೈ ಚಾಚಿದಷ್ಟು ದೂರ ಹಿಡಿದು, ಈ ಸಲ ಮುಚ್ಚುಮರೆಯಿಲ್ಲದೆ, ಸಹಿ ಮಾಡಿದ.

"ನಸುಕಿನ್ಯಾಗ ಇದನ್ನ ನಾ ಒಬ್ಬನ ಹಾರಸ್ತೇನಿ," ಎಂದರು ಕ್ಯಾಪ್ಟನ್ನರು. "ತಂಪು ಗಾಳಿ ಇದ್ದಾಗ ಇದು ಲಗೂನ ಏಳತದ. ನೀ ಸಾಮಾನ ತಗೊಂಡು ಬಸ್ಸಿಗಿ ಬಾ."

ಸಲಾವುದ್ದೀನನ ಎದೆ ಹಗುರಾಯಿತು. ಬದುವಿನ ಮೇಲಿಂದ ಸುಂದರಬಾಯಿಯ ಮಾತು ಬಂತು:

"ಮತ್ತ ರೊಟ್ಟಿ ಬಸ್ಸಿನ್ಯಾಗ ಹೋಗ್ತದೇನು?"

ಕ್ಯಾಪ್ಟನ್ನರಿಗೆ ಅರ್ಥವಾಗಲಿಲ್ಲ. ಬಸವಂತರಾಯ ಹೇಳಿ ತಿಳಿಸಿದ. ಅವರು ಸಲಾವುದ್ದೀನನ ಕಡೆ ತಿರುಗಿದರು. ಅವನು ಮೊದಲು ನೆಲ ನೋಡಿದ, ಆಮೇಲೆ ಹೊಲದ ಉದ್ದ ನೋಡಿದ.

"ಸಾಮಾನಿನ ಪೆಟ್ಟಿಗಿ ಮೂವತ್ತು ಕಿಲೊ ಅದ ಸಾಬ್," ಎಂದ. "ಅದು ಬಸ್ಸಿಗಿ ಬರಲಿ. ನನ್ನ ತೂಕ ಐವತ್ತು ಕಿಲೊ ಮ್ಯಾಲಿಲ್ಲ. ಹೊಲಾ ಗಟ್ಟಿ ಅದ."

"ಹೊಲಾ ಹಸನ ಅದ," ಎಂದು ಬಸವಂತರಾಯ ತಿದ್ದಿದ.

ಮರುದಿನ ನಸುಕಿನಲ್ಲಿ ನಾಲ್ಕು ಜನ ಬಾಲ ಹಿಡಿದು ನಿಂತರು. ಪುಷ್ಪಕಕ್ಕೆ ಬ್ಯಾಟರಿಯಿಲ್ಲ, ಸಲಾವುದ್ದೀನ ಮೂತಿಯ ಪಂಖವನ್ನು ಕೈಯಿಂದ ತಿರುಗಿಸಿ ಎಳೆದ. ಎರಡನೆಯ ಎಳೆತಕ್ಕೆ ಎಂಜಿನ್ನು ಹಿಡಿಯಿತು. ಅವನು ರೆಕ್ಕೆಯ ಕೆಳಗೆ ಬಗ್ಗಿ ಓಡಿ ಬಂದು ಬಲಗಡೆಯ ಸೀಟಿನಲ್ಲಿ ಕೂತು ಪಟ್ಟಿ ಬಿಗಿದುಕೊಂಡ. ಹೊಲ ಓಡತೊಡಗಿತು. ಜೋಳದ ಕೂಳೆಗಳು ಗಾಲಿಗೆ ತಟತಟ ಬಡಿದವು, ಬಾಲ ಎದ್ದಿತು, ದಾಯಾದಿಯ ಬದು ಎದುರಿಗೆ ಬಂತು. ಅವನು ಕಣ್ಣು ಮುಚ್ಚಿದ. ತಟತಟ ಸದ್ದು ಒಮ್ಮೆಗೇ ನಿಂತಿತು.

ಎಷ್ಟೋ ಹೊತ್ತಿನ ಮೇಲೆ ಕಣ್ಣು ತೆರೆದಾಗ ಕೆಳಗೆ ಭೀಮೆ ಹೊರಳಿ ಮಲಗಿತ್ತು. ಎಲ್ಲವೂ ನಿಚ್ಚಳವಾಗಿ ಕಾಣುತ್ತಿತ್ತು: ಮಾಳಿಗೆಯ ಮೇಲೆ ಹಾಸಿದ ಕೌದಿ, ಅದರ ಕೆಂಪು ಚೌಕಗಳು, ಹೊಲದ ನಡುವೆ ಹಣೆಗೆ ಕೈ ಅಡ್ಡ ಹಿಡಿದು ನಿಂತ ಮುದುಕಿ. ಕ್ಯಾಪ್ಟನ್ನರು ನಿಧಾನವಾಗಿ ಎಡಕ್ಕೆ ತಿರುಗಿಸಿದರು. ಬಲರೆಕ್ಕೆ ಮೇಲೆದ್ದಿತು. ಆಗಷ್ಟೇ ಹುಟ್ಟಿದ ಸೂರ್ಯನ ಬೆಳಕು ಅದರ ಅಡಿಗೆ ಬಿತ್ತು.

ಹೊಲಿಗೆ ಅವನಿಂದ ಸರಿಯಾಗಿ ಎರಡು ಮಾರು ದೂರದಲ್ಲಿತ್ತು. ತೆಳು ಪಟ್ಟಿಯ ಒಳಗಿನಿಂದ ದಾರ ಒಂದೊಂದಾಗಿ ಎದ್ದು ಕಾಣುತ್ತಿತ್ತು. ಸಲಾವುದ್ದೀನ ಬೇವಿನ ಗಿಡವನ್ನು ಮರೆತು, ಕಿಟಕಿಗೆ ಹಣೆ ಹಚ್ಚಿ, ಮೊದಲಿನಿಂದ ಎಣಿಸತೊಡಗಿದ.