ಹನ್ನೊಂದು ಹೆಸರಿನ ಹಾಡು

ಹತ್ತೊಂಬತ್ತು ವರ್ಷಕ್ಕೆ ವರ್ನಾ ಮೊದಲ ಸಲ ಹೊಸ ಜೋಡು ಕೊಂಡಿದ್ದಳು. ರೇಡಿಯೋದಲ್ಲಿ ಹಾಡಲು ಹೋಗುವವಳು ಅಪ್ಪನ ಹರಕು ಬೂಟು ಮೆಟ್ಟಿಕೊಂಡು ಹೋಗುವುದು ಹೇಗೆ? ಕಾರ್ಯಕ್ರಮದ ಯಜಮಾನ ಪ್ರೆಸ್ಕಾಟ್ ಅವನ್ನು ಬಾಗಿಲಲ್ಲೇ ಬಿಚ್ಚಿಸಿದ.

"ಬೆಟ್ಟದ ಹುಡುಗೀರಿಗೆ ಜೋಡು ಯಾಕ್ರಮ್ಮಾ? ಜನ ಇಷ್ಟಪಡೋದು ಬರಿಗಾಲು."

"ರೇಡಿಯೋದಾಗೆ ಕಾಲು ಕಾಣ್ತದಾ ಸಾಹೇಬ್ರೆ?" ಅಕ್ಕ ಓಪಲ್ ಕೇಳಿದಳು.

"ದನಿಯಲ್ಲಿ ಕೇಳಿಸ್ಬೇಕು!"

ಹೀಗೆ 'ಬರಿಗಾಲ ಸೋದರಿಯರು' ಹುಟ್ಟಿದರು.

ಹಾಡು ಅಜ್ಜಿಯದು. ನಲವತ್ತು ವರ್ಷದ ಹಿಂದೆ ಕಣಿವೆಯ ಹಳೆಯ ಕಲ್ಲಿದ್ದಲ ಗಣಿಗೆ ಬೆಂಕಿ ಬಿದ್ದಾಗ ಕಂಪನಿಯವರು ಗಣಿಯ ಬಾಯಿಗೆ ಇಟ್ಟಿಗೆ ಗೋಡೆ ಕಟ್ಟಿಸಿದರು. ಗಾಳಿಯಿಲ್ಲದೆ ಬೆಂಕಿ ಸತ್ತಿತು, ಕಲ್ಲಿದ್ದಲು ಉಳಿಯಿತು. ಒಳಗೆ ಹನ್ನೊಂದು ಜನರಿದ್ದರು. ಕಂಪನಿಯ ಕಡತದಲ್ಲಿ ಅವರು 'ಕೆಲವು ಕೂಲಿಗಳು'. ಬರೆಯಲು ಬಾರದ ಅಜ್ಜಿ ಗಂಡನ ಹೆಸರನ್ನೂ ಉಳಿದ ಹತ್ತನ್ನೂ ರಾಗಕ್ಕೆ ಕಟ್ಟಿಟ್ಟಳು. ಪ್ರತಿ ಹೆಸರಿನ ಹಿಂದೆ ಒಂದೇ ಸಾಲು: "ಒಳಗೇ ಅವ್ನೆ, ದೀಪ ಇಟ್ಟಿರಿ."

ಪ್ರೆಸ್ಕಾಟ್ ಕೇಳಿ ಕಣ್ಣೊರೆಸಿಕೊಂಡ. "ರಾಗ ಚಿನ್ನ ಕಣ್ರಮ್ಮಾ. ಹೆಸರುಗಳನ್ನ ತೆಗೆದುಬಿಡಿ."

"ಹೆಸ್ರು ತೆಗುದ್ರೆ ಇನ್ನೇನ್ ಉಳೀತದೆ?" ವರ್ನಾ ಕೇಳಿದಳು.

"ಪ್ರೀತಿ! ಹುಡುಗ ಪೇಟೆಗೆ ಹೋದ, ಹುಡುಗಿ ದೀಪ ಇಟ್ಕೊಂಡು ಕಾಯ್ತಾಳೆ. ಆಯ್ತಲ್ಲ?"

ಅಪ್ಪ ಎಲೈನ ಕೆಟ್ಟ ಎದೆಗೆ ಪೇಟೆಯ ವೈದ್ಯರು ಬೇಕಿತ್ತು, ಅದಕ್ಕೆ ದುಡ್ಡು ಬೇಕಿತ್ತು. ಅಕ್ಕತಂಗಿ ಕರಾರಿನ ಕಾಗದಕ್ಕೆ ರುಜು ಹಾಕಿದರು. ಪ್ರತಿ ಶನಿವಾರ ಅವರ ಹಾಡು ಮುಗಿದ ಕೂಡಲೇ ಒಬ್ಬ ಇಂಪಾಗಿ ಹೇಳುತ್ತಿದ್ದ: "ನಿಮ್ಮ ಮನೆ ಬೆಚ್ಚಗಿರಲಿ, ನಮ್ಮ ಕಲ್ಲಿದ್ದಲು ಉರಿಯಲಿ." ಕಾರ್ಯಕ್ರಮ ನಡೆಸುತ್ತಿದ್ದುದು ಅದೇ ಕಂಪನಿ.

ಅಪ್ಪ ಪಕ್ಕದ ಮನೆಯ ಜಗಲಿಯಲ್ಲಿ ಕೂತು ಕೇಳಿದ. ಮಕ್ಕಳು ಬಂದಾಗ ಕೆಮ್ಮಿನ ನಡುವೆ ಹೇಳಿದ:

"ಚೆಂದಾಗಿ ಹಾಡುದ್ರಿ. ಯಾರದವ್ವಾ ಆ ಹಾಡು?"

ಓಪಲ್ ಕೊಟ್ಟ ನೀರನ್ನು ಅವನು ಪಕ್ಕಕ್ಕಿಟ್ಟ.

"ನನ್ನ ಮಣ್ಣಿಗೆ ಹಾಕುವಾಗ ನಿಮ್ಮಜ್ಜೀದೇ ಹಾಡ್ರವ್ವಾ. ಒಂದ್ ಹೆಸ್ರೂ ಬುಡಬ್ಯಾಡಿ."

ಅಪ್ಪ ಹಾಸಿಗೆ ಹಿಡಿದಾಗ ಒಂದು ವಾರದ ರಜ ಕೇಳಿದರು. ಪ್ರೆಸ್ಕಾಟ್ ಧಾರಾಳವಾಗಿ ಕೊಟ್ಟ. ಆ ಶನಿವಾರವೂ ರೇಡಿಯೋದಲ್ಲಿ 'ಬರಿಗಾಲ ಸೋದರಿಯರು' ಹಾಡಿದರು. ಹಾಡಿದವರು ಪೇಟೆಯ ಹಲ್ಲಿನ ಡಾಕ್ಟರ ಹೆಣ್ಣುಮಕ್ಕಳಿಬ್ಬರಂತೆ. ಆ ಹೆಸರೂ ರಾಗವೂ ಕಂಪನಿಯವೇ ಎಂದು ರುಜು ಹಾಕಿದ ಕಾಗದದಲ್ಲಿ ಬರೆದಿತ್ತಂತೆ.

"ಕಂಠ ಪರವಾಗಿಲ್ಲ," ಎಂದಳು ಓಪಲ್. "ಜೋಡು ಹಾಕ್ಕೊಂಡೇ ಹಾಡ್ತಾವ್ರೆ ಅನ್ಸುತ್ತೆ."

ಕೀರ್ತಿ ಹದಿನಾಲ್ಕು ವಾರಕ್ಕೆ ಮುಗಿಯಿತು. ಅಪ್ಪ ಹದಿನೇಳನೆಯ ವಾರಕ್ಕೆ ತೀರಿಕೊಂಡ. ಕಂಪನಿಯ ವೈದ್ಯರು 'ಉಬ್ಬಸ' ಎಂದು ಬರೆದರು. ಮೂವತ್ತು ವರ್ಷ ಕಲ್ಲಿದ್ದಲು ಅಗೆದವನ ಎದೆಯಲ್ಲಿ ಅವರಿಗೆ ಕಲ್ಲಿದ್ದಲೊಂದು ಮಾತ್ರ ಸಿಗಲಿಲ್ಲ.

ಹೆಣ ಎತ್ತುವ ಮೊದಲೇ ಕಂಪನಿಯ ಕಾವಲಿನ ಡೆಲ್ಬರ್ಟ್ ಕಾಗದ ತಂದ. ಹೊಸಬ, ಹೊರಗಿನಿಂದ ಬಂದವನು. ಆ ರಾಗ ಕಂಪನಿಯ ಸ್ವತ್ತು. ಅಕ್ಕತಂಗಿ ನಾಲ್ಕು ಜನರ ಮುಂದೆ ಅದನ್ನು ಹಾಡಿದರೆ ಕಂಪನಿಯ ಮನೆ ಖಾಲಿ ಮಾಡಬೇಕು.

"ನಂಗೂ ಬೇಜಾರೇ ಕಣಮ್ಮಾ. ನೀವಿಬ್ರು ಹಾಡಂಗಿಲ್ಲ, ಅಷ್ಟೇ."

"ನಾವಿಬ್ರೇನಾ?" ಕೇಳಿದಳು ವರ್ನಾ.

"ಕಾಗದದಾಗೆ ಹಂಗೇ ಅದೆ."

ಗುಡ್ಡದ ಮೇಲೆ ಇನ್ನೂರು ಜನ ಸೇರಿದ್ದರು. ಅವರ ಪ್ರಾರ್ಥನೆಯಲ್ಲಿ ಎಂದೂ ಪುಸ್ತಕವಿಲ್ಲ. ಒಬ್ಬರು ಸಾಲು ಹೇಳಿಕೊಡುತ್ತಾರೆ, ಉಳಿದವರು ರಾಗವಾಗಿ ಎಳೆಯುತ್ತಾರೆ. ವರ್ನಾ ಹೊಸ ಜೋಡು ಮೆಟ್ಟಿ ಗುಂಡಿಯ ಪಕ್ಕ ನಿಂತಳು. ಊಟಕ್ಕೆ ಕರೆಯುವವಳಂತೆ ಕೂಗಿದಳು:

"ಏಮಸ್ ಸೈಜ್‌ಮೋರ್!"

ಅದು ಅಜ್ಜನ ಹೆಸರು. ಜನ ಡೆಲ್ಬರ್ಟನ ಸೊಂಟದ ಪಿಸ್ತೂಲು ನೋಡಿದರು. ಆಮೇಲೆ ಹಿಂದಿನಿಂದ ಮುದುಕಿ ಹೆಟ್ಟಿ ಒಡಕು ದನಿ ಎತ್ತಿದಳು. ಅವಳ ಅಣ್ಣನೂ ಗಣಿಯ ಆ ಗೋಡೆಯ ಹಿಂದೆಯೇ ಇದ್ದ.

"ಒಳಗೇ ಅವ್ನೆ... ದೀಪ ಇಟ್ಟಿರಿ..."

ಇಡೀ ಗುಡ್ಡ ದನಿಗೂಡಿಸಿತು.

"ನಿಲ್ಸಿ! ಹಾಡಬ್ಯಾಡಿ ಅಂದಿಲ್ವಾ?" ಡೆಲ್ಬರ್ಟ್ ಕಿರುಚಿದ.

"ನಾವೆಲ್ಲಣ್ಣ ಹಾಡ್ತಾ ಇದೀವಿ? ಹೆಸ್ರು ಕೂಗ್ತಿದೀವಿ," ಎಂದಳು ಓಪಲ್.

"ಹಾಡಿದೋರ ಹೆಸ್ರೆಲ್ಲ ಬರ್ಕೊಂಡು ಹೋಗಿ ಕಚೇರಿಗೆ ಕೊಡ್ತೀನಿ!"

"ಬರ್ಕೊಳ್ಲಾ," ಎಂದಳು ಹೆಟ್ಟಿ. "ಪೆನ್ಸಿಲ್ ಚೂಪಾಗಿದ್ದದಾ?"

"ಹೆಸ್ರು ತಾನೇ ಬೇಕು? ಹೇಳ್ತೀನಿ," ಎಂದಳು ವರ್ನಾ. ಮಗುವಿಗೆ ಪಾಠ ಹೇಳಿಕೊಡುವಂತೆ, ಒಂದೊಂದೇ ಹೆಸರನ್ನು ನಿಧಾನವಾಗಿ ಕರೆದಳು. ಜನ ಹಾಡಿದರು. ಡೆಲ್ಬರ್ಟ್ ಬರೆದ. ಹನ್ನೊಂದು ಮುಗಿದ ಮೇಲೆ ಓಪಲ್ ಒಂದು ಹಿಡಿ ಮಣ್ಣು ಹಾಕಿ ಹನ್ನೆರಡನೆಯದನ್ನು ಕೂಗಿದಳು: "ಎಲೈ ಸೈಜ್‌ಮೋರ್!" ಡೆಲ್ಬರ್ಟ್ ತಲೆಯೆತ್ತದೆ ಅದನ್ನೂ ಬರೆದುಕೊಂಡ.

ಸೋಮವಾರ ಪಟ್ಟಿ ಕಚೇರಿ ಮುಟ್ಟಿತು. ಅಲ್ಲಿ ಯಾರಿಗೂ ಆ ಹೆಸರುಗಳ ಗುರುತಿರಲಿಲ್ಲ, ಇರುವುದಾದರೂ ಹೇಗೆ? ಅನುಮತಿಯಿಲ್ಲದೆ ಹಾಡಿದ ಹನ್ನೆರಡು ಮಂದಿ ಏಳು ದಿನದೊಳಗೆ ಕಂಪನಿಯ ಸ್ವತ್ತಿನಿಂದ ಹೊರಗೆ ಬರತಕ್ಕದ್ದು ಎಂದು ಮೊಹರು ಒತ್ತಿದ ನೋಟೀಸು ಹೊರಟಿತು.

ಎಂಟನೆಯ ಬೆಳಗ್ಗೆ ಗಣಿಗೆ ಯಾರೂ ಇಳಿಯಲಿಲ್ಲ. ಹಳೆಯ ಗಣಿಯ ಇಟ್ಟಿಗೆ ಗೋಡೆಯ ಮೇಲೆ ನೋಟೀಸು ಅಂಟಿತ್ತು. ಮುಂದೆ ಇಡೀ ಕಣಿವೆ ಗುದ್ದಲಿ ಹಿಡಿದು ನಿಂತಿತ್ತು. ಡೆಲ್ಬರ್ಟ್ ಓಡಿಬಂದ.

"ಏನ್ ಮಾಡ್ತಾ ಇದೀರಿ ಇಲ್ಲಿ?"

"ಹೊರಗೆ ಬರಬೇಕು ಅಂತ ನೀವೇ ಬರೆದಿದೀರಲ್ಲಣ್ಣ," ಎಂದಳು ವರ್ನಾ. "ಒಳಗಿರೋರ್ಗೆ ಬಾಗ್ಲು ತೆಗೀಬ್ಯಾಡ್ವಾ?"

ಗೋಡೆಗೆ ಬಿದ್ದ ಮೊದಲ ಏಟು ಹೆಟ್ಟಿಯದು.